20 ಮೂಳೆ ಒಟ್ಟಿಗೆ ಮುರಿದಷ್ಟು ನೋವಾ?

ಓದುಗರ ಪ್ರಶ್ನೆ: ನನಗೀಗ ಏಳು ತಿಂಗಳು. ಚೊಚ್ಚಲು. ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಪದೇ ಪದೇ ಬರುತ್ತಿದೆ. ಮನುಷ್ಯ 45 'ಡೆಲ್' ನೋವನ್ನಷ್ಟೇ ತಡೆದುಕೊಳ್ಳಬಲ್ಲನಂತೆ. ಹೆರಿಗೆಯಲ್ಲಿ 57 ಡೆಲ್ ನೋವು ಬರುತ್ತಂತೆ. ಅದು 20 ಮೂಳೆ ಒಟ್ಟಿಗೆ ಮುರಿದಷ್ಟಂತೆ. ನಿಜಾನಾ? ಓದಿದಾಗಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ.

ಉತ್ತರ: ಮೊದಲು ನಿದ್ದೆ ಮಾಡಿ. ಆ ಮೆಸೇಜ್ ಸುಳ್ಳು. 'ಡೆಲ್' ಅನ್ನುವ ಅಳತೆಯೇ ಇಲ್ಲ. ಯಾರದೋ 20 ಮೂಳೆ ಮುರಿದು ಹೋಲಿಸಿ ನೋಡಿದವರೂ ಇಲ್ಲ. ಹೋಗಲಿ, ಲೆಕ್ಕವಾದರೂ ನೆಟ್ಟಗಿದೆಯಾ? ತಡೆದುಕೊಳ್ಳುವ ಮಿತಿ 45 ಆದರೆ, 57 ತಡೆದುಕೊಂಡು ಮಗು ಎತ್ತಿಕೊಂಡು ಮನೆಗೆ ಬಂದ ಹೆಂಗಸರೆಲ್ಲ ಯಾರು? ತಾಯಂದಿರನ್ನು ಹೊಗಳುವ ಭರದಲ್ಲಿ ಯಾರೋ ಬರೆದಿದ್ದಾರೆ. ಅದನ್ನು ಏಳು ತಿಂಗಳ ಬಸುರಿಯೂ ಓದುತ್ತಾಳೆ ಅನ್ನುವುದು ಅವರಿಗೆ ಹೊಳೆದಿಲ್ಲ.

ಹಾಗಂತ ನೋವೇ ಇರಲ್ಲ ಅಂತ ನಾನು ಹೇಳಿದರೆ ಅದೂ ಸುಳ್ಳೇ. ಇರುತ್ತದೆ. ಹೆಚ್ಚಿನವರಿಗೆ ಜೋರಾಗಿಯೇ ಇರುತ್ತದೆ. ಆದರೆ ಅದು ಎಂಥ ನೋವು, ಯಾಕೆ ಬರುತ್ತದೆ, ಏನು ಮಾಡಬಹುದು ಅಂತ ಗೊತ್ತಿದ್ದರೆ ಹೆದರಿಕೆ ಸ್ವಲ್ಪ ಇಳಿಯುತ್ತದೆ. ಎರಡು ಹೆತ್ತವಳು ನಾನು. ಮೊದಲನೆಯದಕ್ಕೆ ಏನೂ ತಿಳಿಯದೆ ಹೋಗಿದ್ದೆ, ಎರಡನೆಯದಕ್ಕೆ ತಿಳಿದುಕೊಂಡು ಹೋದೆ.

ಆ 'ಡೆಲ್' ಎಲ್ಲಿಂದ ಬಂತು ಅನ್ನುವುದು ಸ್ವಾರಸ್ಯದ ಕತೆ. 'ಡಾಲ್' ಅನ್ನುವ ಅಳತೆಯೊಂದು ನಿಜಕ್ಕೂ ಇತ್ತು. 1940ರ ದಶಕದಲ್ಲಿ ನ್ಯೂಯಾರ್ಕ್‌ನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಜೇಮ್ಸ್ ಹಾರ್ಡಿ, ಹೆರಾಲ್ಡ್ ವುಲ್ಫ್, ಹೆಲೆನ್ ಗುಡೆಲ್ ಎಂಬ ಮೂವರು ನೋವನ್ನು ಅಳೆಯಲು ಹೊರಟರು. ಹಣೆಗೆ ಕಪ್ಪು ಮಸಿ ಬಳಿದು, ದೊಡ್ಡ ಬಲ್ಬಿನ ಬೆಳಕನ್ನು ಮಸೂರದಿಂದ ಅಲ್ಲಿಗೇ ಹಾಯಿಸಿ, 3 ಸೆಕೆಂಡು ಬಿಸಿ ಮುಟ್ಟಿಸುವುದು. ಎಷ್ಟು ಶಾಖಕ್ಕೆ ಎಷ್ಟು ನೋವು ಅಂತ ಬರೆದುಕೊಳ್ಳುವುದು. ಮೊದಲು ತಮ್ಮ ಹಣೆಯ ಮೇಲೇ ಮಾಡಿಕೊಂಡರು, ಅಷ್ಟರ ಮಟ್ಟಿಗೆ ಮೆಚ್ಚಬೇಕು. ಆಮೇಲೆ ಹಾರ್ಡಿ ಒಬ್ಬ ಪ್ರಸೂತಿ ವೈದ್ಯರ ಜೊತೆ ಸೇರಿ ಈ ಯಂತ್ರವನ್ನು ಹೆರಿಗೆ ಕೋಣೆಗೂ ಒಯ್ದರು. ಬೇನೆ ತಿನ್ನುತ್ತಿದ್ದ ಹೆಂಗಸರ ಕೈಗೆ ಬಿಸಿ ಮುಟ್ಟಿಸಿ, 'ಈಗ ಬಂದು ಹೋದ ಬೇನೆ ಇದಕ್ಕಿಂತ ಜಾಸ್ತಿಯಾ, ಕಡಿಮೆಯಾ' ಅಂತ ಕೇಳಿದರು. ಕೇಳುವಾಗ ಅವರಿಗೆ ಏನು ಉತ್ತರ ಸಿಕ್ಕಿರಬಹುದು ಅಂತ ನಾನು ಊಹಿಸಿಕೊಂಡು ನಕ್ಕಿದ್ದೇನೆ.

ಆ ಅಳತೆಯ ತುತ್ತತುದಿ ಹತ್ತೂವರೆ ಡಾಲ್. ಅದಕ್ಕಿಂತ ಮುಂದೆ ಸಂಖ್ಯೆಯೇ ಇಲ್ಲ. 57 ಬರುವ ಮಾತೇ ಇಲ್ಲ. ಆಮೇಲೆ ಬೇರೆಯವರು ಇದೇ ಪ್ರಯೋಗ ಮಾಡಿದಾಗ ಉತ್ತರಗಳು ತಾಳೆಯಾಗಲಿಲ್ಲ. ಅಳತೆ ಮೂಲೆ ಸೇರಿತು.

ಯಾಕೆ ತಾಳೆಯಾಗಲಿಲ್ಲ? ನೋವು ಜ್ವರದ ಹಾಗಲ್ಲ. ಥರ್ಮಾಮೀಟರ್ ಇಟ್ಟರೆ ಸಿಗುವುದಿಲ್ಲ. 1944ರಲ್ಲಿ ಇಟಲಿಯ ಆಂಜಿಯೊ ಯುದ್ಧಭೂಮಿಯಲ್ಲಿ ಹೆನ್ರಿ ಬೀಚರ್ ಎಂಬ ಅರಿವಳಿಕೆ ವೈದ್ಯರು ಕೆಲಸ ಮಾಡುತ್ತಿದ್ದರು. ಭಾರೀ ಗಾಯವಾದ ಸೈನಿಕರಲ್ಲಿ ಬಹಳಷ್ಟು ಜನ ನೋವಿನ ಔಷಧ ಬೇಡ ಅನ್ನುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು. ಆ ಗಾಯ ಎಂದರೆ ಇನ್ನು ಯುದ್ಧ ಮುಗಿಯಿತು, ಜೀವ ಉಳಿಯಿತು ಎಂದರ್ಥ. ಅಷ್ಟೇ ಗಾಯ ಯುದ್ಧದ ಹೊರಗೆ, ಊರಿನಲ್ಲಿ ಆದರೆ ಅದರ ಅರ್ಥ ಬೇರೆ, ನೋವೂ ಬೇರೆ. ಹೆರಿಗೆಗೂ ಈ ಮಾತು ಹೊಂದುತ್ತದೆ, ಆದರೆ ಎರಡೂ ಕಡೆಗೆ. ಜೊತೆಗೆ ಧೈರ್ಯ ಹೇಳುವವರಿದ್ದರೆ ಒಂದು ಥರ, ಒಂಟಿಯಾಗಿ ಹೆದರಿಕೊಂಡು ಮಲಗಿದ್ದರೆ ಇನ್ನೊಂದು ಥರ.

ಈಗ ಮೂಳೆಯ ಹೋಲಿಕೆಗೆ ಬರೋಣ. ಮೂಳೆ ಮುರಿದರೆ 'ಇಲ್ಲೇ' ಅಂತ ಬೆರಳಿಟ್ಟು ತೋರಿಸಬಹುದು. ಅಲುಗಾಡಿಸಿದರೆ ಚುಚ್ಚುತ್ತದೆ, ಬಿಡುವು ಕೊಡುವುದಿಲ್ಲ. ಹೆರಿಗೆ ನೋವು ಹಾಗಲ್ಲ. ಅದು ಅಲೆ ಅಲೆಯಾಗಿ ಬರುತ್ತದೆ. ಗರ್ಭಕೋಶ ಅಂದರೆ ಒಂದು ದಪ್ಪ ಸ್ನಾಯುವಿನ ಚೀಲ. ಅದು ಹಿಂಡಿಕೊಂಡಾಗ ಅದರೊಳಗಿನ ರಕ್ತನಾಳಗಳೂ ಅದುಮಿಹೋಗುತ್ತವೆ. ರಕ್ತ ಸಾಲದೆ ಸ್ನಾಯು ನೋಯುತ್ತದೆ. ಅದೇ ಹೊತ್ತಿಗೆ ಗರ್ಭಕೋಶದ ಬಾಯಿ ಹಿಗ್ಗುತ್ತದೆ, 10 ಸೆಂಟಿಮೀಟರ್‌ವರೆಗೆ ತೆರೆದುಕೊಳ್ಳಬೇಕು. ಈ ನೋವಿನ ನರಗಳು ಬೆನ್ನುಹುರಿಗೆ ಸೇರುವ ಜಾಗಕ್ಕೇ ಸೊಂಟ, ಕಿಬ್ಬೊಟ್ಟೆ, ತೊಡೆಯ ಮೇಲ್ಭಾಗದ ನರಗಳೂ ಬಂದು ಸೇರುತ್ತವೆ. ಅದಕ್ಕೇ ಎಲ್ಲಿ ನೋವು ಅಂತ ಕೇಳಿದರೆ ಹೇಳಲು ಬರುವುದಿಲ್ಲ. ನಡು ಪೂರ್ತಿ ಹಿಂಡಿದಂತಾಗುತ್ತದೆ.

ಒಂದು ಬೇನೆ ಹೇಗಿರುತ್ತದೆ ಅಂದರೆ, ಮೊದಲು ಹೊಟ್ಟೆ ಗಟ್ಟಿಯಾಗುತ್ತದೆ. ಕೈಯಿಟ್ಟರೆ ಕಲ್ಲಿನ ಹಾಗೆ. ಏರುತ್ತಾ ಏರುತ್ತಾ ತುದಿ ಮುಟ್ಟುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಇಳಿಯುತ್ತದೆ. ಜೋರಾಗಿ ಶುರುವಾದ ಮೇಲೂ ಒಂದೊಂದು ಬೇನೆ ಸುಮಾರು ಒಂದು ನಿಮಿಷ, 10 ನಿಮಿಷದಲ್ಲಿ ಮೂರೋ ನಾಲ್ಕೋ. ನಡುವೆ ಬಿಡುವು. ಆ ಬಿಡುವಿನಲ್ಲಿ ನಾನು ತೂಕಡಿಸಿದ್ದೆ ಅಂದರೆ ನೀವು ನಂಬಲ್ಲ. ಮಂಚದ ಕಂಬಿ ಹಿಡಿದ ಕೈ ಹಾಗೇ ಇತ್ತು, ಕಣ್ಣು ಮುಚ್ಚಿತ್ತು.

ಗರ್ಭಕೋಶದ ಬಾಯಿ ಪೂರ್ತಿ ತೆರೆದು ಮಗು ಕೆಳಗಿಳಿಯುವಾಗ ನೋವಿನ ಬಣ್ಣ ಬದಲಾಗುತ್ತದೆ. ಈಗ ಎಲ್ಲಿ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. ಕೆಳಗೆ ಒತ್ತಡ, ಚರ್ಮ ಎಳೆದು ಉರಿ. ಮುಕ್ಕಬೇಕು ಅನ್ನಿಸುವುದು ತಡೆಯಲಾಗದಷ್ಟು. ಈ ಹಂತವೇ ವಾಸಿ ಅನ್ನುವವರಿದ್ದಾರೆ, ಏನೋ ಮಾಡುತ್ತಿದ್ದೇನೆ ಅನ್ನಿಸುತ್ತದೆ ಅಂತ. ಇದೇ ಅತಿ ಕಷ್ಟ ಅನ್ನುವವರೂ ಇದ್ದಾರೆ.

ಹಾಗಾದರೆ ಎಷ್ಟು ನೋವು? ಇದಕ್ಕೆ ಸ್ವಲ್ಪ ನಂಬಬಹುದಾದ ಉತ್ತರ ಕೊಟ್ಟವರು ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್‌ಜಾಕ್. 1975ರಲ್ಲಿ ಅವರು ನೋವಿಗೆ ಸಂಖ್ಯೆಯ ಬದಲು ಪದಗಳ ಪಟ್ಟಿ ಮಾಡಿದರು. ಸಿಡಿಯುವುದು, ಹಿಂಡುವುದು, ಇರಿಯುವುದು, ಸುಸ್ತು ಮಾಡುವುದು, ಹೀಗೆ ಹತ್ತಾರು. ನಿಮ್ಮ ನೋವಿಗೆ ಹೊಂದುವ ಪದ ಆರಿಸಿ ಅನ್ನುವುದು. ಹೆರಿಗೆಯಾಗುತ್ತಿದ್ದ ಹೆಂಗಸರನ್ನು ಹೀಗೆ ಕೇಳಿದಾಗ ಸರಾಸರಿ ತುಂಬಾ ಮೇಲೇ ಬಂತು. ಮೂಳೆ ಮುರಿದುಕೊಂಡು ತುರ್ತು ಚಿಕಿತ್ಸೆಗೆ ಬಂದವರ ಸರಾಸರಿಗಿಂತಲೂ ಮೇಲೆ. ಹೌದು, ನಿಮಗಿದು ಹಿಡಿಸದೆ ಇರಬಹುದು, ಆದರೆ ಮುಚ್ಚಿಡಲಾರೆ. ಬೆರಳು ತುಂಡಾದವರದ್ದು ಅದಕ್ಕಿಂತಲೂ ಮೇಲಿತ್ತು.

ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ಮೆಸೇಜುಗಳಲ್ಲಿ ಬರುವುದೇ ಇಲ್ಲ. ಚೊಚ್ಚಲಿನವರಲ್ಲೇ ಸುಮಾರು ಹತ್ತರಲ್ಲಿ ಒಬ್ಬರು ನೋವು ಕಡಿಮೆಯಿತ್ತು ಅಂದರು. ಸುಮಾರು ನಾಲ್ಕರಲ್ಲಿ ಒಬ್ಬರು ಸಹಿಸಲಾಗದಷ್ಟು ಅಂದರು. ಉಳಿದವರು ನಡುವೆ ಎಲ್ಲೋ. ಒಂದೇ ವಾರ್ಡಿನಲ್ಲಿ ಅಕ್ಕಪಕ್ಕದ ಮಂಚದವರ ನೋವೂ ಒಂದೇ ಅಲ್ಲ. ಅದಕ್ಕೇ 'ನಾನು ಸುಲಭವಾಗಿ ಹೆತ್ತೆ' ಅನ್ನುವ ಅತ್ತಿಗೆಯೂ ಸುಳ್ಳು ಹೇಳುತ್ತಿಲ್ಲ, 'ಸತ್ತೇ ಹೋದೆ ಅಂದುಕೊಂಡೆ' ಅನ್ನುವ ಗೆಳತಿಯೂ ಸುಳ್ಳು ಹೇಳುತ್ತಿಲ್ಲ.

ಈ ವ್ಯತ್ಯಾಸಕ್ಕೆ ಧೈರ್ಯ, ಅಂಜುಬುರುಕುತನ ಅಂತ ಹೆಸರಿಡುವುದನ್ನು ಕಂಡರೆ ನನಗೆ ಮೈಯುರಿಯುತ್ತದೆ. ದೇಹದ ಕಾರಣಗಳೇ ಎಷ್ಟೋ ಇವೆ. ಮೊದಲ ಹೆರಿಗೆ ಸಾಮಾನ್ಯವಾಗಿ ಉದ್ದ. ಮಗುವಿನ ತಲೆಯ ಹಿಂಭಾಗ ತಾಯಿಯ ಬೆನ್ನಿನ ಕಡೆಗಿದ್ದರೆ ನೋವೆಲ್ಲ ಸೊಂಟಕ್ಕೇ ಬರಬಹುದು. ಡ್ರಿಪ್ ಹಾಕಿ ನೋವು ಬರಿಸಿದರೆ ಬೇನೆಗಳು ಬೇಗ ಜೋರಾಗುತ್ತವೆ, ದೇಹಕ್ಕೆ ಒಗ್ಗಿಕೊಳ್ಳಲು ಹೊತ್ತು ಸಿಗುವುದಿಲ್ಲ. ನನ್ನ ಮೊದಲನೆಯದು ಹೀಗೇ ಆಯಿತು. ಕೂಗಿದೆ. 'ಇಷ್ಟಕ್ಕೇ ಕೂಗಿದರೆ ಮುಂದೇನು ಮಾಡ್ತೀಯಮ್ಮ' ಅಂದರು ಅಲ್ಲಿದ್ದವರೊಬ್ಬರು. ಆಮೇಲೆ ಬಾಯಿ ಬಿಡಲಿಲ್ಲ. 'ಹತ್ತರಲ್ಲಿ ಎಷ್ಟು ನೋವು' ಅಂತ ಕೇಳಿದಾಗ ಆರು ಅಂದೆ. ಇನ್ನೇನು ಹತ್ತು ಆಗಿತ್ತು. ಆರು ಅಂದವಳಿಗೆ ಯಾರು ಔಷಧ ಕೊಡುತ್ತಾರೆ?

ಅದಕ್ಕೇ ಆ 57ರ ಮೇಲೆ ನನಗೆ ಸಿಟ್ಟು. ಹೆದರಿಸುವುದು ಒಂದು ಕಡೆ. ನೋವು ತಡೆದುಕೊಂಡದ್ದಕ್ಕೇ ತಾಯಿ ದೊಡ್ಡವಳು ಅನ್ನುವ ಭಾವನೆ ಇನ್ನೊಂದು ಕಡೆ. ಹಾಗಂದರೆ ಔಷಧ ಕೇಳಿದವಳು ಚಿಕ್ಕವಳಾ? 1853ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಎಂಟನೇ ಹೆರಿಗೆಗೆ ಕ್ಲೋರೋಫಾರ್ಮ್ ತೆಗೆದುಕೊಂಡಳು. ಏಳು ಹೆತ್ತವಳಿಗೆ ನೋವು ಅಂದರೇನು ಅಂತ ಚೆನ್ನಾಗಿಯೇ ಗೊತ್ತಿತ್ತು, ಆದರೂ ಕೇಳಿದಳು, ಅಲ್ವಾ?

ಈಗ ಕ್ಲೋರೋಫಾರ್ಮ್ ಇಲ್ಲ, ಅದಕ್ಕಿಂತ ಎಷ್ಟೋ ಒಳ್ಳೆಯದಿದೆ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಎಪಿಡ್ಯೂರಲ್. ಬೆನ್ನು ಬಗ್ಗಿಸಿ ಕೂರಿಸಿ, ಮೊದಲು ಚರ್ಮ ಮರಗಟ್ಟಿಸಿ, ಅರಿವಳಿಕೆ ವೈದ್ಯರು ಸೊಂಟದ ಹತ್ತಿರ ಸೂಜಿಯಿಂದ ಕೂದಲಿನಷ್ಟಲ್ಲದಿದ್ದರೂ ಬಹಳ ಸಣ್ಣ ಕೊಳವೆಯೊಂದನ್ನು ಇಡುತ್ತಾರೆ. ಸೂಜಿ ತೆಗೆಯುತ್ತಾರೆ, ಕೊಳವೆ ಉಳಿಯುತ್ತದೆ. ಔಷಧ ಹೋದ ಮೇಲೆ ಸುಮಾರು 20 ನಿಮಿಷಕ್ಕೆ ನೋವು ಇಳಿಯುತ್ತದೆ. ಹೊಟ್ಟೆ ಗಟ್ಟಿಯಾಗುವುದು ಗೊತ್ತಾಗುತ್ತದೆ, ಹಿಂಡುವುದಿಲ್ಲ. ಬಿಪಿ ಇಳಿಯಬಹುದು, ಮೈ ತುರಿಸಬಹುದು, ಮೂತ್ರಕ್ಕೆ ಟ್ಯೂಬ್ ಹಾಕಬೇಕಾಗಬಹುದು, ಮುಕ್ಕುವ ಹಂತ ಸ್ವಲ್ಪ ಉದ್ದವಾಗಬಹುದು. ಸುಮಾರು ನೂರರಲ್ಲಿ ಒಬ್ಬರಿಗೆ ಆಮೇಲೆ ಜೋರು ತಲೆನೋವು ಬರುತ್ತದೆ, ಅದಕ್ಕೂ ಚಿಕಿತ್ಸೆಯಿದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಕೊಡಲಾಗದೆ ಇರಬಹುದು. 'ಎಪಿಡ್ಯೂರಲ್ ತಗೊಂಡರೆ ಜೀವನಪೂರ್ತಿ ಬೆನ್ನುನೋವು', 'ಸಿಸೇರಿಯನ್ ಗ್ಯಾರಂಟಿ' ಅಂತ ಹೇಳುವವರು ಸಿಗುತ್ತಾರೆ. ಸಾವಿರಾರು ಹೆಂಗಸರ ಮೇಲೆ ನಡೆದ ಅಧ್ಯಯನಗಳಲ್ಲಿ ಇವೆರಡೂ ಕಂಡುಬಂದಿಲ್ಲ.

ಮಾಸ್ಕಿನಿಂದ ಎಳೆದುಕೊಳ್ಳುವ ಗ್ಯಾಸ್ ಕೂಡ ಇದೆ, ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕ. ಬೇನೆ ಶುರುವಾಗುತ್ತಿದ್ದಂತೆಯೇ ಎಳೆದುಕೊಳ್ಳಬೇಕು. ತುದಿಗೆ ಬಂದ ಮೇಲೆ ಎಳೆದರೆ ಅದು ಹತ್ತುವಷ್ಟರಲ್ಲಿ ಬೇನೆ ಇಳಿದಿರುತ್ತದೆ. ನೋವು ಪೂರ್ತಿ ಹೋಗುವುದಿಲ್ಲ, ಒರಟುತನ ಕಡಿಮೆಯಾಗುತ್ತದೆ. ಪೆಥಿಡಿನ್‌ನಂಥ ಇಂಜೆಕ್ಷನ್ ಮಂಪರು ತರಿಸುತ್ತದೆ, ವಾಕರಿಕೆಯೂ ಆಗಬಹುದು. ಹೆರಿಗೆಗೆ ತೀರಾ ಹತ್ತಿರ ಕೊಟ್ಟರೆ ಮಗುವಿನ ಉಸಿರಾಟ ನಿಧಾನವಾಗಬಹುದು, ಅದಕ್ಕೇ ಹೊತ್ತು ನೋಡಿ ಕೊಡುತ್ತಾರೆ.

ಔಷಧವಲ್ಲದ್ದನ್ನು ಸುಮ್ನೆ ಮನಸ್ಸಮಾಧಾನ ಅಂದುಕೊಳ್ಳಬೇಡಿ. ಬೇನೆ ಬಂದಾಗ ಯಾರಾದರೂ ಸೊಂಟದ ಕೆಳಗೆ ಅಂಗೈಯಿಂದ ಗಟ್ಟಿಯಾಗಿ ಒತ್ತಲಿ. ಒತ್ತುವ ಸ್ಪರ್ಶ ಬೆನ್ನುಹುರಿಯಲ್ಲೇ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ. ಮೊಣಕೈ ತಗುಲಿದಾಗ ಉಜ್ಜಿಕೊಳ್ಳುತ್ತೇವಲ್ಲ, ಅದೇ. ಓಡಾಡುವುದು, ಬಿಸಿನೀರು, ಮುಂದಕ್ಕೆ ಬಾಗಿ ನಿಲ್ಲುವುದು, ಯಾವುದು ಹಿತವೋ ಅದು. ಮತ್ತೆ, ಹೆರಿಗೆ ಮುಗಿಯುವವರೆಗೆ ಪಕ್ಕದಲ್ಲೇ ಇರುವ ಒಬ್ಬರು. ಜೊತೆಗೆ ಒಬ್ಬರಿದ್ದವರಿಗೆ ಹೆರಿಗೆ ಸ್ವಲ್ಪ ಬೇಗ ಆಗುತ್ತದೆ, ನೋವಿನ ಔಷಧವೂ ಕಡಿಮೆ ಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಎರಡನ್ನೂ ಹೇಳಿದೆ: ಹೆಂಗಸಿಗೆ ಬೇಕಾದವರು ಜೊತೆಗಿರಲಿ, ಆರೋಗ್ಯವಂತೆ ಕೇಳಿದರೆ ಎಪಿಡ್ಯೂರಲ್ ಕೊಡಿ.

ಒಂದು ಎಚ್ಚರಿಕೆ. ಬಿಡುವೇ ಇಲ್ಲದ ನೋವು, ಗಟ್ಟಿಯಾದ ಹೊಟ್ಟೆ ಸಡಿಲವಾಗದಿರುವುದು, ರಕ್ತ ಹೋಗುವುದು, ಹಳೆಯ ಸಿಸೇರಿಯನ್ ಹೊಲಿಗೆಯ ಜಾಗದಲ್ಲಿ ಬೇನೆಯ ನಡುವೆಯೂ ನೋವು. ಇವು ಮಾಮೂಲಿ ಹೆರಿಗೆ ನೋವಲ್ಲ. 'ಹೆರಿಗೆ ಅಂದರೆ ಹೀಗೇ ಇರಬೇಕು' ಅಂತ ಹಲ್ಲು ಕಚ್ಚಿಕೊಂಡು ಕೂರಬೇಡಿ, ತಕ್ಷಣ ಹೇಳಿ.

ಎರಡನೆಯ ಸಲ ನನ್ನನ್ನು ಮತ್ತೆ 'ಹತ್ತರಲ್ಲಿ ಎಷ್ಟು' ಅಂತ ಕೇಳಿದರು. 'ಸಂಖ್ಯೆ ಗೊತ್ತಿಲ್ಲ. ಬೇನೆ ಬಂದಾಗ ಉಸಿರು ಬಿಡೋಕಾಗ್ತಿಲ್ಲ, ಸೊಂಟ ಸೀಳ್ತಾ ಇದೆ, ಔಷಧ ಬೇಕು' ಅಂದೆ. ಕೊಟ್ಟರು. ತಮಾಷೆ ಅಂದರೆ, ಹೆರಿಗೆಯ ಮರುದಿನ ಹಾಲು ಕುಡಿಸುವಾಗ ಗರ್ಭಕೋಶ ಮತ್ತೆ ಹಿಂಡಿಕೊಂಡಿತು, ಮೊದಲನೆಯ ಸಲಕ್ಕಿಂತ ಜೋರಾಗಿ. ಎರಡನೆಯದರಲ್ಲಿ ಇದು ಜಾಸ್ತಿ ಅಂತ ನನಗೆ ಯಾರೂ ಹೇಳಿರಲಿಲ್ಲ. ನಿಮಗೆ ಸದ್ಯಕ್ಕೆ ಆ ಚಿಂತೆಯಿಲ್ಲ.

ನಿಮಗಿನ್ನೂ ಎರಡು ತಿಂಗಳಿದೆ. ಮುಂದಿನ ತಪಾಸಣೆಗೆ ಹೋದಾಗ ಮೂರು ವಿಷಯ ಕೇಳಿಕೊಂಡು ಬನ್ನಿ. ನೋವಿಗೆ ಅಲ್ಲಿ ಏನೇನು ಕೊಡುತ್ತಾರೆ? ರಾತ್ರಿ 2 ಗಂಟೆಗೆ ಹೋದರೂ ಅರಿವಳಿಕೆ ವೈದ್ಯರು ಸಿಗುತ್ತಾರಾ? ಹೆರಿಗೆ ಕೋಣೆಯೊಳಗೆ ನಿಮ್ಮ ಜೊತೆ ಒಬ್ಬರನ್ನು ಬಿಡುತ್ತಾರಾ? ಬಿಡುತ್ತಾರೆ ಅಂದರೆ ಯಾರು ಬರುವುದು ಅಂತ ಈಗಲೇ ಗೊತ್ತುಮಾಡಿ, ಅವರಿಗೆ ಸೊಂಟ ಒತ್ತುವುದು ಹೇಗೆ ಅಂತ ತೋರಿಸಿಕೊಡಿ.