ಮುಂದಿನ ಗಾಡಿಗೂ ನಮಗೂ ನಡುವೆ

ಆಯುಧ ಪೂಜೆಯ ಬೆಳಿಗ್ಗೆ ಮಂಡ್ಯದ ನಮ್ಮ ಬೀದಿಯಲ್ಲಿ ಯಾವ ಮನೆ ಮುಂದೆ ನೋಡಿದರೂ ನೀರು ಹರಿಯುತ್ತಿರುತ್ತದೆ. ಕಾರು, ಬೈಕು, ಟ್ರ್ಯಾಕ್ಟರ್ ಎಲ್ಲಕ್ಕೂ ಸ್ನಾನ. ಆಮೇಲೆ ಅರಿಶಿನ ಕುಂಕುಮ, ಚೆಂಡು ಹೂವಿನ ಹಾರ, ಬಂಪರಿಗೆ ಬಾಳೆಕಂದು. ಕೊನೆಗೆ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಗಾಡಿಯನ್ನು ಒಂದು ಮಾರು ಮುಂದಕ್ಕೆ ತೆಗೆದರೆ ಪೂಜೆ ಮುಗಿಯಿತು.

ಈ ಸಲ ಚಕ್ರದಡಿ ಚಪ್ಪಟೆಯಾದ ಆ ನಿಂಬೆಹಣ್ಣಿನ ಮೇಲೆ ನಿಮ್ಮ ಅಂಗೈ ಹಿಡಿದು ನೋಡಿ. ಕಾರಿನ ಒಂದು ಚಕ್ರ ರಸ್ತೆಯನ್ನು ಮುಟ್ಟುವುದು ಹೆಚ್ಚುಕಮ್ಮಿ ಅಷ್ಟೇ ಜಾಗದಲ್ಲಿ. ನಾಲ್ಕು ಚಕ್ರಕ್ಕೆ ನಾಲ್ಕು ಅಂಗೈ. ಐದು ಜನ, ಡಿಕ್ಕಿ ತುಂಬ ಲಗೇಜು, ಎಲ್ಲ ಸೇರಿ ಒಂದು ಟನ್ನಿಗೂ ಜಾಸ್ತಿ ತೂಕ. ಓಡುತ್ತಿರುವ ಅಷ್ಟು ಭಾರವನ್ನು ನಿಲ್ಲಿಸಬೇಕಾದದ್ದು ಈ ನಾಲ್ಕು ಅಂಗೈಯಷ್ಟು ರಬ್ಬರು. ಬ್ರೇಕು ಚಕ್ರವನ್ನು ಹಿಡಿಯುತ್ತದೆ ಅಷ್ಟೆ. ಗಾಡಿಯನ್ನು ಹಿಡಿದು ನಿಲ್ಲಿಸುವುದು ರಸ್ತೆ.

ಅದಕ್ಕೇ ಅವತ್ತು ನಡುರಸ್ತೆಯಲ್ಲಿ ಒಡೆದ ಬೂದುಗುಂಬಳಕಾಯಿಯ ಚೂರು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಬೈಕಿನ ಚಕ್ರಕ್ಕೂ ರಸ್ತೆಗೂ ಇರುವ ಹಿಡಿತ ಇನ್ನೂ ಚಿಕ್ಕದು. ಅದರ ನಡುವೆ ಕುಂಬಳದ ಲೋಳೆ ಸಿಕ್ಕಿದರೆ ಸವಾರ ನೆಲಕ್ಕೆ. ಒಡೆದವರೇ ಐದು ನಿಮಿಷ ನಿಂತು ಚೂರುಗಳನ್ನು ಗುಡಿಸಿ ಪಕ್ಕಕ್ಕೆ ಹಾಕಿದರೆ ಪೂಜೆಗೇನೂ ಕಮ್ಮಿಯಾಗುವುದಿಲ್ಲ ಅಲ್ವಾ?

ಮಾರನೆಯ ದಿನ ವಿಜಯದಶಮಿ. ಜಂಬೂಸವಾರಿ ನೋಡಲು ಬೆಂಗಳೂರು, ರಾಮನಗರ, ಮದ್ದೂರು, ನಮ್ಮೂರು, ಎಲ್ಲ ಕಡೆಯಿಂದ ಗಾಡಿಗಳು ಮೈಸೂರಿನತ್ತ ಮುಖ ಮಾಡುತ್ತವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ವೇಗದ ಮಿತಿ. ಮಾಮೂಲಿ ದಿನ ಖಾಲಿ ರಸ್ತೆಯಲ್ಲಿ ಆ ವೇಗದಲ್ಲಿ ಹೋಗುವುದು ಒಂದು ತರ. ಹಬ್ಬದ ದಿನ, ಮುಂದಿನ ಕಾರಿನ ಹಿಂದಿನ ಗಾಜಿಗೆ ಅಂಟಿಸಿದ ಸ್ಟಿಕ್ಕರ್ ಓದುವಷ್ಟು ಹತ್ತಿರದಲ್ಲಿ ಅದೇ ವೇಗದಲ್ಲಿ ಹೋಗುವುದು ಇನ್ನೊಂದು ತರ.

ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಮುಂದೆ ಕೆಂಪು ದೀಪ ಹೊತ್ತಿಕೊಂಡಿತು. ಕಣ್ಣು ಅದನ್ನು ನೋಡಬೇಕು, ಮಿದುಳಿಗೆ ಅರ್ಥವಾಗಬೇಕು, ಕಾಲು ಬ್ರೇಕಿನ ಮೇಲೆ ಹೋಗಬೇಕು. ಇದಕ್ಕೆ ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಗಾಡಿ 42 ಮೀಟರ್ ಹೋಗಿಬಿಟ್ಟಿರುತ್ತದೆ, ವೇಗ ಒಂದು ಚೂರೂ ಇಳಿಯದೆ. ಆಮೇಲೆ ಬ್ರೇಕು. ಒಣ ರಸ್ತೆ, ಒಳ್ಳೆಯ ಟೈರು ಇದ್ದರೆ ಇನ್ನೊಂದು 55 ಮೀಟರ್. ಒಟ್ಟು ಹತ್ತಿರ ಹತ್ತಿರ 100 ಮೀಟರ್. ದಸರಾ ಹೊತ್ತಿಗೆ ನಮ್ಮ ಕಡೆ ಸಂಜೆ ಮಳೆ ಮಾಮೂಲು. ರಸ್ತೆ ಒದ್ದೆಯಾಗಿ ಹಿಡಿತ ಅರ್ಧದಷ್ಟಕ್ಕೆ ಇಳಿದರೆ ಅದೇ ಸುಮಾರು 150 ಮೀಟರ್ ಆಗುತ್ತದೆ.

ನನ್ನನ್ನು ನಿಜಕ್ಕೂ ಬೆಚ್ಚಿಸಿದ ಲೆಕ್ಕ ಇನ್ನೊಂದಿದೆ. ಎರಡು ಕಾರು ಅಕ್ಕಪಕ್ಕ ಹೋಗುತ್ತಿವೆ. ಒಂದರ ವೇಗ 80, ಇನ್ನೊಂದರದು 100. ಇಬ್ಬರಿಗೂ ಒಂದೇ ಕ್ಷಣ ಅಡ್ಡಿ ಕಂಡಿತು, ಇಬ್ಬರೂ ಒಂದೇ ಸಲ ಬ್ರೇಕ್ ಒತ್ತಿದರು. 80ರಲ್ಲಿದ್ದ ಕಾರು ಸುಮಾರು 69 ಮೀಟರಿಗೆ ನಿಂತಿತು. ಅದೇ ಜಾಗವನ್ನು ಇನ್ನೊಂದು ಕಾರು ದಾಟುವಾಗ ಅದರ ವೇಗ ಎಷ್ಟಿರುತ್ತದೆ? 20 ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅದು 70ಕ್ಕಿಂತ ಜಾಸ್ತಿ ಇರುತ್ತದೆ. ವೇಗ ಒಂದೂಕಾಲು ಪಟ್ಟಾದರೆ ಗಾಡಿಯಲ್ಲಿ ತುಂಬಿಕೊಳ್ಳುವ ಶಕ್ತಿ ಒಂದೂವರೆ ಪಟ್ಟಿಗೂ ಮೇಲಾಗುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಜೊತೆಗೆ ಬ್ರೇಕ್ ಒತ್ತುವ ಮೊದಲೇ ಓಡಿದ ದೂರವೂ ಜಾಸ್ತಿ. ಆ 70ರ ವೇಗದಲ್ಲಿ ಗುದ್ದುವುದು ಅಂದರೆ ಆರನೇ ಮಹಡಿಯಿಂದ ನೆಲಕ್ಕೆ ಬಿದ್ದಂತೆ. ಇಷ್ಟಕ್ಕೆ ಉಳಿಯುವ ಸಮಯ? ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ದಾರಿಯುದ್ದಕ್ಕೂ 80ರ ಬದಲು 100ರಲ್ಲಿ ಹೋದರೂ ಉಳಿಯುವುದು ಏಳು ನಿಮಿಷಕ್ಕಿಂತ ಕಮ್ಮಿ. ಅಷ್ಟು ಹೊತ್ತು ಮೈಸೂರಿನಲ್ಲಿ ಪಾರ್ಕಿಂಗ್ ಹುಡುಕುವಾಗಲೇ ಹೋಗುತ್ತದೆ.

ಹಾಗಾದರೆ ಮುಂದಿನ ಗಾಡಿಗೂ ನಮಗೂ ನಡುವೆ ಎಷ್ಟು ಜಾಗ ಬೇಕು? ಮೀಟರ್ ಲೆಕ್ಕ ಓಡಿಸುವಾಗ ಯಾರಿಗೂ ಹೊಳೆಯುವುದಿಲ್ಲ. ಸೆಕೆಂಡಿನ ಲೆಕ್ಕ ಸುಲಭ. ಮುಂದಿನ ಗಾಡಿ ಒಂದು ಬೋರ್ಡನ್ನೋ ಮೇಲ್ಸೇತುವೆಯ ನೆರಳನ್ನೋ ದಾಟಿದ ತಕ್ಷಣ ಎಣಿಸಲು ಶುರು ಮಾಡಿ. ಅದೇ ಜಾಗ ನಿಮಗೆ ಸಿಗುವಷ್ಟರಲ್ಲಿ ಮೂರು ಸೆಕೆಂಡು ಆಗಿರಬೇಕು. ಮಳೆಯಾದರೆ ಐದಾರು. ನಮ್ಮ ಮನೆಯಲ್ಲಿ ಎಣಿಸುವ ರೀತಿ ಬೇರೆ. "ತಾಯಿ ಚಾಮುಂಡೇಶ್ವರಿ" ಅಂತ ನಿಧಾನವಾಗಿ ಒಂದು ಸಲ ಹೇಳಿದರೆ ಒಂದು ಸೆಕೆಂಡು ದಾಟುತ್ತದೆ. ಮೂರು ಸಲ ಹೇಳುವಷ್ಟು ಜಾಗ ಇದ್ದರೆ ಸರಿ.

"ಅಷ್ಟು ಜಾಗ ಬಿಟ್ಟರೆ ಇನ್ನೊಬ್ಬ ಬಂದು ನುಗ್ಗುತ್ತಾನೆ" ಅಂತ ಎಲ್ಲರೂ ಹೇಳುತ್ತಾರೆ. ನುಗ್ಗುತ್ತಾನೆ, ನಿಜ. ನುಗ್ಗಲಿ. ನೀವು ಕಾಲು ಸ್ವಲ್ಪ ಸಡಿಲಿಸಿ ಮತ್ತೆ ಜಾಗ ಮಾಡಿಕೊಳ್ಳಿ. ಒಬ್ಬ ನುಗ್ಗಿದರೆ ನಿಮಗೆ ಆಗುವ ನಷ್ಟ ಮೂರು ಸೆಕೆಂಡು. ದಾರಿಯುದ್ದಕ್ಕೂ 20 ಜನ ನುಗ್ಗಿದರೂ ಒಂದು ನಿಮಿಷ.

ಈ ಜಾಗಕ್ಕೆ ಇನ್ನೊಂದು ಕೆಲಸವೂ ಇದೆ. ಒಂದು ದಸರಾದಲ್ಲಿ ಶ್ರೀರಂಗಪಟ್ಟಣದ ಹತ್ತಿರ ಅರ್ಧ ಗಂಟೆ ತೆವಳಿದೆವು. ಏನೋ ಆಕ್ಸಿಡೆಂಟ್ ಆಗಿರಬೇಕು ಅಂದುಕೊಂಡರೆ, ಮುಂದೆ ಹೋಗಿ ನೋಡಿದಾಗ ಏನೂ ಇಲ್ಲ. ಕೆಟ್ಟು ನಿಂತ ಲಾರಿಯೂ ಇಲ್ಲ. ರಸ್ತೆ ಸುಮ್ನೆ ತೆರೆದುಕೊಂಡಿತು. ಇಂಥ ಜಾಮು ಹೇಗೆ ಹುಟ್ಟುತ್ತದೆ ಅಂತ ಜಪಾನಿನ ವಿಜ್ಞಾನಿಗಳು ಮಾಡಿ ತೋರಿಸಿದ್ದಾರೆ. 230 ಮೀಟರ್ ಸುತ್ತಳತೆಯ ಒಂದು ವೃತ್ತದಲ್ಲಿ 22 ಕಾರು ಬಿಟ್ಟು, ಎಲ್ಲರೂ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಿ ಅಂದರು. ಸಿಗ್ನಲ್ ಇಲ್ಲ, ತಿರುವಿನ ಗೊಂದಲ ಇಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ಒಂಚೂರು ನಿಧಾನ ಮಾಡಿದರು. ಹಿಂದಿನವರು ಅದಕ್ಕಿಂತ ಸ್ವಲ್ಪ ಜಾಸ್ತಿ ಬ್ರೇಕ್ ಹಾಕಿದರು, ಅವರ ಹಿಂದಿನವರು ಇನ್ನೂ ಜಾಸ್ತಿ. ಕೊನೆಗೆ ಕೆಲವು ಕಾರು ಪೂರ್ತಿ ನಿಂತೇಬಿಟ್ಟವು. ಆ ಜಾಮು ಅಲೆಯ ಹಾಗೆ ಹಿಂದಕ್ಕೆ, ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಸರಿಯುತ್ತಾ ಹೋಯಿತು. 2008ರಲ್ಲಿ ಪ್ರಕಟವಾದ ಪ್ರಯೋಗ ಇದು. ಜಾಗ ಬಿಟ್ಟುಕೊಂಡ ಕಾರು ಈ ಅಲೆಯನ್ನು ನುಂಗಿಕೊಳ್ಳುತ್ತದೆ. ಮುಂದಿನವರು ಬ್ರೇಕ್ ಹಾಕಿದರೆ ಇವರು ಆಕ್ಸಿಲರೇಟರಿನಿಂದ ಕಾಲು ಎತ್ತಿದರೆ ಸಾಕು. ಹಿಂದಿನವರಿಗೆ ಕೆಂಪು ದೀಪವೇ ಕಾಣುವುದಿಲ್ಲ.

ಹೊರಡುವ ಮುಂಚೆ ನೋಡಬೇಕಾದ್ದು ಒಂದೆರಡಿವೆ. ಟೈರಿಗೆ ಎಷ್ಟು ಗಾಳಿ ಬೇಕು ಅಂತ ಡ್ರೈವರ್ ಬಾಗಿಲ ಬಳಿ ಸ್ಟಿಕ್ಕರ್ ಇರುತ್ತದೆ. ತುಂಬಿದ ಕಾರಿಗೆ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿಸಿ. ಬಾಳೆಕಂದು ಇಂಡಿಕೇಟರ್ ಮುಚ್ಚಿದ್ದರೆ ಬಿಚ್ಚಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ಮೂರು ಕಡೆ ಹಿಡಿದುಕೊಳ್ಳುವ ಈಗಿನ ಬೆಲ್ಟನ್ನು 1959ರಲ್ಲಿ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೊಹ್ಲಿನ್ ರೂಪಿಸಿದರು. ಬೇರೆ ಕಂಪನಿಗಳೂ ಬಳಸಲಿ ಅಂತ ವೋಲ್ವೊ ಅದನ್ನು ಬಿಟ್ಟುಕೊಟ್ಟಿತು. ಮಗು ಮಡಿಲಲ್ಲಿದ್ದರೆ ಭದ್ರ ಅನ್ನುವುದು ಪ್ರೀತಿಯ ಮಾತು. ಆದರೆ 50ರ ವೇಗದಲ್ಲಿ ಗುದ್ದಿದಾಗ 10 ಕೆ.ಜಿ. ಮಗು ಒಂದು ಕ್ವಿಂಟಾಲ್ ಮೂಟೆಗಿಂತ ಜಾಸ್ತಿ ಬಲದಿಂದ ಮುಂದಕ್ಕೆ ಎಳೆಯುತ್ತದೆ. ಅಷ್ಟನ್ನು ಹಿಡಿಯುವ ತೋಳು ಯಾವ ತಾಯಿಗೂ ಇಲ್ಲ.

ಇನ್ನು ವಾಪಸ್ ಬರುವ ದಾರಿ. ನನಗೆ ಜಾಸ್ತಿ ಭಯ ಇದರದ್ದೇ. ಮೆರವಣಿಗೆಗೆ ಜಾಗ ಹಿಡಿಯಬೇಕು ಅಂತ ಬೆಳಿಗ್ಗೆ ಐದಕ್ಕೆ ಎದ್ದಿರುತ್ತೇವೆ. ಬಿಸಿಲಲ್ಲಿ ನಿಂತು, ನಡೆದು, ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಮುಗಿಸಿ ಸ್ಟೀರಿಂಗ್ ಹಿಡಿಯುವಾಗ ರಾತ್ರಿ ಹತ್ತು. ಎದ್ದು 17 ಗಂಟೆ ಆಯಿತು. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದದ್ದು ಸರಿಯಾಗಿ ಇದನ್ನೇ: 17 ಗಂಟೆ ಎದ್ದಿರುವವರ ಕೈಕಣ್ಣಿನ ಚುರುಕು, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇರುವವರಷ್ಟೇ ಮಂಕಾಗಿರುತ್ತದೆ. ನಮ್ಮ ಕಾನೂನಿನ ಮಿತಿ 30 ಮಿ.ಗ್ರಾಂ. ಹನಿ ಕುಡಿಯದಿದ್ದರೂ ಮೈ ಮಿತಿ ದಾಟಿರುತ್ತದೆ. ತೂಕಡಿಕೆ ಬಂದರೆ ಕಣ್ಣು ಮುಚ್ಚಿದ್ದೇ ಗೊತ್ತಾಗುವುದಿಲ್ಲ. 100ರ ವೇಗದಲ್ಲಿ ಮೂರು ಸೆಕೆಂಡು ರೆಪ್ಪೆ ಅಂಟಿದರೆ ಗಾಡಿ 80 ಮೀಟರಿಗೂ ಜಾಸ್ತಿ ದೂರ ಓಡಿಸುವವರೇ ಇಲ್ಲದೆ ಓಡುತ್ತದೆ.

ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಯಾವುದೂ ನಿದ್ದೆಯನ್ನು ನಿಲ್ಲಿಸುವುದಿಲ್ಲ. ಹೋಟೆಲಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ ಒಂದು ಲೋಟ ಕಾಫಿ ಕುಡಿದು, ಕೂಡಲೇ 20 ನಿಮಿಷ ಮಲಗಿ. ಕಾಫಿ ಮೈಗೆ ಹತ್ತಲು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಕೈಹಿಡಿಯುತ್ತವೆ. ಇದೂ ಒಂದೆರಡು ಗಂಟೆಯ ಉಪಾಯ ಮಾತ್ರ.

ಹೈವೇ ಬಿಟ್ಟು ಪಾಂಡವಪುರದ ಕಡೆಗೋ ಮೇಲುಕೋಟೆ ಕಡೆಗೋ ತಿರುಗಿದರೆ ಕಬ್ಬಿನ ಲೋಡು ಎದುರಾಗುತ್ತದೆ. 2023ರ ಆಗಸ್ಟ್‌ನಿಂದ ಟ್ರ್ಯಾಕ್ಟರ್‌ಗಳು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬರುವಂತಿಲ್ಲ. ಅವು ಓಡಾಡುವುದು ಸರ್ವಿಸ್ ರಸ್ತೆಯಲ್ಲಿ, ಊರ ರಸ್ತೆಯಲ್ಲಿ. ಟ್ರೈಲರಿನ ಹಿಂದೆ ಗಜದುದ್ದ ಚಾಚಿಕೊಂಡ ಕಬ್ಬು ಕೆಂಪು ದೀಪವನ್ನು ಮುಚ್ಚಿಬಿಟ್ಟಿರುತ್ತದೆ. ನಮ್ಮ ಡಿಮ್ ಲೈಟು ಚೆನ್ನಾಗಿ ತೋರಿಸುವುದು 50 ಮೀಟರಿನ ಆಸುಪಾಸು. 80ರಲ್ಲಿ ನಿಲ್ಲಲು 69 ಮೀಟರ್ ಬೇಕು ಅಂತ ಆಗಲೇ ನೋಡಿದೆವಲ್ಲ. ಅಂದರೆ ಕಬ್ಬು ಕಂಡಾಗ ಹೊತ್ತು ಮೀರಿರುತ್ತದೆ. 60ರಲ್ಲಿದ್ದರೆ 45 ಮೀಟರಿಗೆ ನಿಲ್ಲಬಹುದು. ರೈತರಿಗೂ ಒಂದು ಮಾತು. ಕಬ್ಬಿನ ತುದಿಗೆ ಕಟ್ಟುವ ಕೆಂಪು ಬಟ್ಟೆ ರಾತ್ರಿ ಕಪ್ಪಾಗಿ ಕಾಣುತ್ತದೆ. ಅದರ ಜಾಗಕ್ಕೆ ರಿಫ್ಲೆಕ್ಟರ್ ಪಟ್ಟಿ ಕಟ್ಟಿ. ಅದರೊಳಗಿನ ಸಣ್ಣ ಸಣ್ಣ ಗಾಜಿನ ಮಣಿಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ. ಹಿಂದೆ ಬರುವವರಿಗೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಹೋದ ಸಲ ನಾವು ರಾತ್ರಿ ಹೊರಡಲೇ ಇಲ್ಲ. ಮೈಸೂರಿನಲ್ಲಿ ಅತ್ತೆ ಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿ, ಬೆಳಿಗ್ಗೆ ಉಪ್ಪಿಟ್ಟು ತಿಂದು ಹೊರಟೆವು. ಪಕ್ಕದ ಸೀಟಿನಲ್ಲಿ ಅಮ್ಮ. ಕಾವೇರಿ ಸೇತುವೆ ದಾಟಿದ ಮೇಲೆ ಮುಂದಿನ ಕಾರು ಒಂದು ಬೋರ್ಡ್ ದಾಟಿದ್ದನ್ನು ನೋಡಿ, ನಾನು ಬಾಯಿ ತೆಗೆಯುವ ಮೊದಲೇ ಅವರೇ ಶುರು ಮಾಡಿದರು. "ತಾಯಿ ಚಾಮುಂಡೇಶ್ವರಿ, ತಾಯಿ ಚಾಮುಂಡೇಶ್ವರಿ..." ಅಷ್ಟರಲ್ಲಿ ಎಡಗಡೆಯಿಂದ ಒಂದು ಬಿಳಿ ಕಾರು ನಡುವೆ ನುಗ್ಗಿತು. ನಾನು ಕಾಲು ಸಡಿಲಿಸಿದೆ. ಅಮ್ಮ ಮುಂದಿನ ಬೋರ್ಡು ಬರುವವರೆಗೆ ಕಾದು, ಮತ್ತೆ ಒಂದರಿಂದ ಎಣಿಸತೊಡಗಿದರು.