ಮಳೆಗಾಲ ಕಾಣದ ದಾಖಲೆ: ಪಂಚಾಯತಿನ ಜೀವವೈವಿಧ್ಯ ಸಮಿತಿ ಬಂದ ದಾರಿ

ಉಡುಪಿ ತಾಲೂಕಿನ ನಮ್ಮ ಗ್ರಾಮಸಭೆಯಲ್ಲಿ ಪ್ರತಿ ಸಲ ಒಂದೇ ಪ್ರಶ್ನೆ ಬರುತ್ತದೆ. "ಗುಡ್ಡೆಯಲ್ಲಿ ಕಲ್ಲಿನ ಕೋರೆ ಮಾಡ್ತಾರಂತೆ, ನಿಮ್ಮ ಸಮಿತಿ ಉಂಟಲ್ಲ, ಅದೇನು ಮಾಡ್ತದೆ?" ಇನ್ನೊಬ್ಬರು ರಸ್ತೆ ಬದಿಯ ಮರದ ಬಗ್ಗೆ ಕೇಳುತ್ತಾರೆ. ಮತ್ತೊಬ್ಬರಿಗೆ ತೋಡಿಗೆ ಬಿಡುವ ಕೊಳಚೆಯ ಚಿಂತೆ.

ಸಮಿತಿ ಅಂದರೆ ಜೀವವೈವಿಧ್ಯ ನಿರ್ವಹಣಾ ಸಮಿತಿ. ಅದರಲ್ಲಿ ನಾನೂ ಒಬ್ಬ. ಸಂಬಳ ಇಲ್ಲ, ಅಧಿಕಾರದ ಮೊಹರೂ ಇಲ್ಲ. ಮರದ ವಿಷಯ ಅರಣ್ಯ ಇಲಾಖೆಯದು. ಕೋರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಸೇರಿದ್ದು. ಕೊಳಚೆಯಾದರೆ ಮಾಲಿನ್ಯ ನಿಯಂತ್ರಣ ಮಂಡಳಿ, ಹೊಳೆ ಬದಿಯ ಕಟ್ಟಡವಾದರೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಇಷ್ಟೆಲ್ಲಾ ಇರುವಾಗ ಈ ಸಮಿತಿ ಯಾಕೆ ಬೇಕಾಯಿತು ಅನ್ನುವುದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮ ಕರಾವಳಿಗೆ ಪರಿಸರದ ಜಗಳ ಹೊಸದಲ್ಲ. 1970ರ ದಶಕದ ಬಂದರು ಮತ್ತು ಗೊಬ್ಬರ ಕಾರ್ಖಾನೆ, 1990ರ ದಶಕದ ತೈಲ ಶುದ್ಧೀಕರಣಾಗಾರ, 1999ರಲ್ಲಿ ವಾಪಸ್ ಹೋದ ಕೊಜೆಂಟ್ರಿಕ್ಸ್ ವಿದ್ಯುತ್ ಕಂಪನಿ, 2010ರಲ್ಲಿ ಉರಿ ಹಚ್ಚಿಕೊಂಡ ನಂದಿಕೂರಿನ ಉಷ್ಣ ವಿದ್ಯುತ್ ಸ್ಥಾವರ, ಹೀಗೆ ನಲವತ್ತು ವರ್ಷ ಕಳೆಯಿತು. ಪ್ರತಿ ಸಲವೂ ಊರಿನವರಿಗೆ ವಿಷಯ ಗೊತ್ತಾಗುತ್ತಿದ್ದದ್ದು ನಿರ್ಧಾರ ಆದ ಮೇಲೆ. ಆಗ ಉಳಿಯುತ್ತಿದ್ದದ್ದು ಎರಡೇ ದಾರಿ, ರಸ್ತೆಗೆ ಇಳಿಯುವುದು ಇಲ್ಲವೇ ಕೋರ್ಟಿಗೆ ಹೋಗುವುದು.

ನಿರ್ಧಾರಕ್ಕೆ ಮೊದಲೇ ಊರನ್ನು ಕೇಳಬೇಕು ಎಂಬ ಮಾತು ಬೇರೆ ಕಡೆಯಿಂದ ಬಂತು. 1992ರಲ್ಲಿ ರಿಯೋದಲ್ಲಿ ಜೀವವೈವಿಧ್ಯ ಒಪ್ಪಂದ ಆಯಿತು. ಗಿಡ, ಬೀಜ, ಮದ್ದಿನ ತಿಳಿವಳಿಕೆ ಬಳಸಿ ಲಾಭ ಮಾಡುವವರು ಅದನ್ನು ಉಳಿಸಿಕೊಂಡು ಬಂದವರಿಗೂ ಪಾಲು ಕೊಡಬೇಕು ಅನ್ನುವುದು ಅದರ ಒಂದು ಮುಖ್ಯ ಅಂಶ. ಹಾಗಾದರೆ ಯಾರ ಹತ್ತಿರ ಯಾವ ತಿಳಿವಳಿಕೆ ಇದೆ ಎಂದು ಬರೆದಿಡಬೇಕಲ್ವಾ? ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಜೊತೆಗಾರರು 1990ರ ದಶಕದ ನಡುವಿನಲ್ಲಿ ಊರವರ ಜೊತೆ ಕೂತು ಇಂತಹ ದಾಖಲೆ ಮಾಡತೊಡಗಿದರು. ಆಗ ಅವರು ಆರಿಸಿಕೊಂಡ ಊರುಗಳಲ್ಲಿ ನಮ್ಮ ಕಾರ್ಕಳದ ಮಾಳವೂ ಇತ್ತು. ಇದು ಇಲ್ಲಿನ ಎಷ್ಟೋ ಜನರಿಗೆ ಗೊತ್ತಿಲ್ಲ.

2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು, 2003ರಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿ. ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಪ್ರತಿ ಗ್ರಾಮ ಪಂಚಾಯತ್, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಒಂದು ಸಮಿತಿ ಮಾಡಲೇಬೇಕು. 2004ರ ನಿಯಮದಲ್ಲಿ ಒಬ್ಬ ಅಧ್ಯಕ್ಷ ಮತ್ತು ಆರರವರೆಗೆ ಸದಸ್ಯರು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು ಇರಬೇಕಿತ್ತು. ಮುಖ್ಯ ಕೆಲಸ ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವುದು. ಕಚೇರಿಗಳಲ್ಲಿ ಎಲ್ಲರೂ ಅದನ್ನು ಪಿಬಿಆರ್ ಅಂತಲೇ ಕರೆಯುತ್ತಾರೆ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಸಾಲಿದೆ. ಸಮಿತಿಯ ವ್ಯಾಪ್ತಿಯ ಜೀವಸಂಪತ್ತನ್ನು, ಅದರ ತಿಳಿವಳಿಕೆಯನ್ನು ಬಳಸುವ ಬಗ್ಗೆ ನಿರ್ಧಾರ ಮಾಡುವಾಗ ರಾಷ್ಟ್ರೀಯ ಪ್ರಾಧಿಕಾರ ಮತ್ತು ರಾಜ್ಯ ಮಂಡಳಿ ಆ ಸಮಿತಿಯನ್ನು ಕೇಳಬೇಕು. ನನ್ನ ಮಟ್ಟಿಗೆ ಇಡೀ ಕಾಯ್ದೆಯ ಜೀವ ಇರುವುದು ಈ ಸಾಲಿನಲ್ಲಿ.

ಈ ಸಾಲಿನ ಬೆಲೆ ಗೊತ್ತಾದದ್ದು ಒಂದು ಬದನೆಕಾಯಿಯಿಂದ. ಕಟಪಾಡಿ ಹತ್ತಿರದ ಮಟ್ಟುವಿನ ಗುಳ್ಳ ಬದನೆ ಎಲ್ಲರಿಗೂ ಗೊತ್ತು. ಯತಿ ವಾದಿರಾಜರು ಕೊಟ್ಟ ಬೀಜ ಎಂಬ ನಂಬಿಕೆ ಅದರ ಹಿಂದಿದೆ, 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಅದಕ್ಕೆ ಒಂದು ವರ್ಷ ಮೊದಲು, 2010ರ ಫೆಬ್ರವರಿಯಲ್ಲಿ, ಕೇಂದ್ರ ಸರ್ಕಾರ ವಂಶವಾಹಿ ಬದಲಿಸಿದ ಬಿಟಿ ಬದನೆಯನ್ನು ತಡೆಹಿಡಿಯಿತು. ಆಗ ಇನ್ನೊಂದು ದೂರು ಎದ್ದಿತು. ಬಿಟಿ ಬದನೆ ಮಾಡಲು ನಾಡಿನ ಬದನೆ ತಳಿಗಳನ್ನು ಬಳಸಿದ್ದಾರೆ, ಅದಕ್ಕೆ ಕಾಯ್ದೆಯ ಪ್ರಕಾರ ಅನುಮತಿ ಪಡೆದಿಲ್ಲ, ಊರಿನ ಸಮಿತಿಗಳನ್ನು ಕೇಳಿಲ್ಲ ಎಂದು. ಬಳಸಿದ ತಳಿಗಳ ಪಟ್ಟಿಯಲ್ಲಿ 'ಉಡುಪಿ ಲೋಕಲ್' ಎಂಬ ಹೆಸರೂ ಇತ್ತು. ವಿಷಯ ಕೋರ್ಟಿನವರೆಗೆ ಹೋಯಿತು. ಕೇಳುವುದಕ್ಕಾದರೂ ಊರುಗಳಲ್ಲಿ ಸಮಿತಿ ಎಲ್ಲಿತ್ತು? ಇದ್ದ ಕಡೆಯೂ ಹೆಚ್ಚಿನವು ಹಾಳೆಯ ಮೇಲಷ್ಟೇ ಇದ್ದವು.

2016ರ ಹೊತ್ತಿಗೆ ಇಡೀ ದೇಶದಲ್ಲಿ ಇದ್ದದ್ದು ಸುಮಾರು 9,700 ಸಮಿತಿ, 1,388 ದಾಖಲೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಮೊಕದ್ದಮೆ ಹೂಡಲಾಯಿತು. 2019ರ ಆಗಸ್ಟ್ 9ರಂದು ನ್ಯಾಯಮಂಡಳಿ ಗಡುವು ಹಾಕಿತು. 2020ರ ಜನವರಿ 31ರೊಳಗೆ ಎಲ್ಲ ಕಡೆ ಸಮಿತಿ ಆಗಬೇಕು, ದಾಖಲೆ ಮುಗಿಯಬೇಕು. ಇಲ್ಲದಿದ್ದರೆ ಫೆಬ್ರವರಿಯಿಂದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ.

ಅದೇ ಆಗಸ್ಟ್ ಮೊದಲ ವಾರದಲ್ಲಿ ಮಂಗಳೂರಿನ ಪಚ್ಚನಾಡಿಯಲ್ಲಿ ಕಸದ ಗುಡ್ಡೆ ಜಾರಿತ್ತು. ಕೆಳಗಿನ ಮಂದಾರದ ತೆಂಗು, ಅಡಿಕೆ ತೋಟಗಳನ್ನು ಕಸ ನುಂಗಿತು. ಮನೆಗಳನ್ನು ಖಾಲಿ ಮಾಡಬೇಕಾಯಿತು. ತೋಟದಲ್ಲಿ ಕಾಲಿಟ್ಟು ಬದುಕಿದವರ ಮಾತು ಕಡತದಲ್ಲಿ ಇರಬೇಕಾದದ್ದು ಯಾಕೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಗಡುವು ಬಂದ ಮೇಲೆ ನಡೆದದ್ದು ಓಟ. 2020ರ ಜನವರಿಗೆ ದೇಶದಲ್ಲಿ 2 ಲಕ್ಷ 43 ಸಾವಿರ ಸಮಿತಿ, 95 ಸಾವಿರಕ್ಕೂ ಜಾಸ್ತಿ ದಾಖಲೆ! ಲೆಕ್ಕ ನೋಡಿದರೆ ಖುಷಿ ಆಗಬೇಕು. ಆದರೆ ನಾನು ಆ ತಿಂಗಳುಗಳಲ್ಲಿ ಫಾರ್ಮಿನ ಕಟ್ಟು ಹಿಡಿದು ಮನೆ ಮನೆಗೆ ಹೋದವನು.

ಫಾರ್ಮಿನಲ್ಲಿ ಬೆಳೆಗೆ ಒಂದು ಪಟ್ಟಿ, ಹಣ್ಣಿನ ಮರಕ್ಕೆ ಒಂದು, ಮೀನಿಗೆ, ಕಳೆಗೆ, ಮದ್ದು ಕೊಡುವವರಿಗೆ ಒಂದೊಂದು. ಪ್ರತಿ ಗಿಡದ ಎದುರು 'ಹಿಂದೆ', 'ಈಗ' ಎಂದು ಎರಡು ಕಾಲಂ, ಕೊನೆಗೆ 'ತಿಳಿದವರು' ಎಂದು ಮತ್ತೊಂದು. ಭತ್ತದ ಹಾಳೆ ಹಿಡಿದು ಪಕ್ಕದ ವಠಾರದ ದೊಡ್ಡಮ್ಮನ ಜಗಲಿಯಲ್ಲಿ ಕೂತೆ. ಕಯಮೆ, ರಾಜಕಯಮೆ, ಗಂಧಸಾಲೆ, ಮಸ್ಕತಿ ಎಂದು ಬೆರಳು ಮಡಚುತ್ತಾ ಹೋದರು. 'ಹಿಂದೆ' ಕಾಲಂ ತುಂಬಿತು. 'ಈಗ' ಬಂದಾಗ ಬೆರಳು ನಿಂತಿತು. ಗದ್ದೆಯ ಲೆಕ್ಕ ಕೇಳಿದರೆ ಬೈಲು ಇಷ್ಟು, ಮಜಲು ಇಷ್ಟು, ಬೆಟ್ಟು ಇಷ್ಟು ಎಂದರು. ಫಾರ್ಮಿನಲ್ಲಿ ಆ ಮೂರಕ್ಕೂ ಜಾಗ ಇರಲಿಲ್ಲ. ನೀರು ನಿಲ್ಲುವ ಗದ್ದೆಗೂ ಮಳೆ ನಂಬಿದ ಗದ್ದೆಗೂ ಒಂದೇ ಹೆಸರು ಬರೆದೆ. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಇನ್ನೂ ದೊಡ್ಡ ತಪ್ಪು ಬೇರೆ ಇದೆ. ಗಡುವು ಬಿದ್ದದ್ದು ಜನವರಿಗೆ. ನಮ್ಮೂರಿನ ಅರ್ಧ ಜೀವ ಕಣ್ಣಿಗೆ ಬೀಳುವುದು ಮಳೆಗಾಲದಲ್ಲಿ. ಜನವರಿಯಲ್ಲಿ ಗುಡ್ಡೆಯ ಮೇಲಿನ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪಾದೆಗೆ, ಅಂದರೆ ಬಂಡೆ ಹಾಸಿಗೆ, ಹೋದರೆ ಒಣಹುಲ್ಲು, ಕರಿಕಲ್ಲು, ಬಿಸಿಲು. ನಾವು ಅಲ್ಲಿ ಹತ್ತು ನಿಮಿಷ ನಿಂತು ಕೆಳಗೆ ಇಳಿದೆವು. ದಾಖಲೆಯಲ್ಲಿ 'ಬಂಜರು' ಎಂದು ಸೇರಿತು. ಇಂತಹ ದಾಖಲೆಗೆ ಎಲ್ಲ ಕಾಲವೂ ನೋಡಬೇಕು, ವರ್ಷ ವರ್ಷ ಸೇರಿಸುತ್ತಾ ಹೋಗಬೇಕು. ಆದರೆ ಆಗ ಸಮಯ ಯಾರಿಗೂ ಇರಲಿಲ್ಲ.

ಅದೇ ಪಾದೆಗೆ ಜುಲೈಯಲ್ಲಿ ಹೋಗಿ ನೋಡಿ. ಕಲ್ಲಿನ ಹೊಂಡಗಳಲ್ಲಿ ನೀರು ನಿಂತಿರುತ್ತದೆ, ಒಳಗೆ ಕಪ್ಪೆಯ ಮರಿಗಳು. ನೀರಿನ ಅಂಚಿನಲ್ಲಿ ಬೆರಳುದ್ದದ ಗಿಡಗಳು ನೀಲಿ ಹೂ ಬಿಟ್ಟಿರುತ್ತವೆ. ಯುಟ್ರಿಕ್ಯುಲೇರಿಯಾ ಅಂತ ಅವುಗಳ ಹೆಸರು, ಬೇರಿನ ಹಾಗಿರುವ ಎಳೆಗಳಲ್ಲಿನ ಪುಟ್ಟ ಚೀಲಗಳಲ್ಲಿ ಹುಳ ಹಿಡಿದು ತಿನ್ನುತ್ತವೆ. ಮುರಕಲ್ಲಿನಲ್ಲಿ ತೂತು ಜಾಸ್ತಿ. ಪಾದೆ ಮೇಲೆ ಬಿದ್ದ ಮಳೆ ಒಳಗೆ ಇಳಿದು, ಕೆಳಗಿನ ಬೈಲಿನ ಬಾವಿಗಳಿಗೆ ಏಪ್ರಿಲ್‌ವರೆಗೂ ಒರತೆ ಕೊಡುತ್ತದೆ. ಕೋರೆ, ಕಸದ ಜಾಗ, ಲೇಔಟ್ ಎಲ್ಲದಕ್ಕೂ ಮೊದಲು ಕಣ್ಣು ಬೀಳುವುದು ಇಂತಹ ಪಾದೆಗಳ ಮೇಲೆಯೇ. ಕಾಗದದಲ್ಲಿ ಅದು ಬಂಜರು ತಾನೆ?

ಇದಕ್ಕೆ ಯಾರನ್ನು ಬೈಯುವುದು? ಪಂಚಾಯತಿನವರಿಗೆ ನೂರು ಕೆಲಸ. ಗಡುವು ಇಲ್ಲದಿದ್ದರೆ ಇವತ್ತಿಗೂ ಸಮಿತಿಗಳೇ ಆಗುತ್ತಿರಲಿಲ್ಲವೇನೋ. ಆದರೆ ನಮ್ಮ ಸಮಿತಿಯನ್ನು ಸಲಹೆ ಕೇಳಿ ಇದುವರೆಗೆ ಒಂದು ಪತ್ರವೂ ಬಂದಿಲ್ಲ. ನಾವೇ ಬರೆದು ಕೊಟ್ಟದ್ದು ಮಾತ್ರ ಇದೆ. ಕಾಯ್ದೆ ಹೇಳಿದ 'ಕೇಳಬೇಕು' ಅನ್ನುವುದು ಜೀವಸಂಪತ್ತಿನ ಬಳಕೆಗೆ ಸೀಮಿತ. ಗುಡ್ಡೆಯನ್ನೇ ತೆಗೆಯುವಾಗ ಕೇಳಬೇಕು ಎಂದು ಅದರಲ್ಲಿ ನೇರವಾಗಿ ಇಲ್ಲ. ಗ್ರಾಮಸಭೆಯ ಪ್ರಶ್ನೆಗೆ ನಾನು ತಡವರಿಸುವುದು ಇಲ್ಲೇ.

2023ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು, 2024ರ ಏಪ್ರಿಲ್ 1ರಿಂದ ಜಾರಿ. ಮೊದಲು ಉಲ್ಲಂಘನೆಗೆ ಜೈಲು ಶಿಕ್ಷೆ ಇತ್ತು, ಈಗ ಹಣದ ದಂಡ ಮಾತ್ರ. ಆಯುಷ್ ವೈದ್ಯರಿಗೆ ಕೆಲವು ವಿನಾಯಿತಿ ಸಿಕ್ಕಿದೆ. ಊರಿನ ಸಮಿತಿಯ ದನಿ ಇದರಿಂದ ಜೋರಾಯಿತು ಎಂದು ನನಗೆ ಅನಿಸುವುದಿಲ್ಲ.

ನಾವು ಮಾಡಿದ್ದು ಸಣ್ಣ ಕೆಲಸ. ಕಳೆದ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಮತ್ತೆ ಫಾರ್ಮ್ ಹಿಡಿದು ಹೊರಟೆವು. ಪಾದೆಗೆ ನಾಲ್ಕು ಸಲ ಹತ್ತಿದೆವು. 'ಬಂಜರು' ಹೊಡೆದು ಹಾಕಿ, ಮೇಲೆ ನೀರಿನ ಹೊಂಡ, ಕಪ್ಪೆ, ಹೂವು ಎಲ್ಲ ಸೇರಿಸಿದೆವು. ಬೈಲು, ಮಜಲು, ಬೆಟ್ಟು ಎಂದು ಅಂಚಿನಲ್ಲಿ ಕೈಯಲ್ಲೇ ಬರೆದೆವು. ದೊಡ್ಡಮ್ಮ ತಜಂಕ್, ತಿಮರೆ ಸೊಪ್ಪು, ಪಾಲೆ ಮರದ ಕೆತ್ತೆ (ತೊಗಟೆ) ಎಂದು ಒಂದೊಂದೇ ಹೇಳಿದರು, ಯಾವ ಗಿಡ ಯಾವ ಕಟ್ಟಪುಣಿಯಲ್ಲಿ (ಗದ್ದೆಯ ಬದುವಿನಲ್ಲಿ) ಬರುತ್ತದೆ ಅನ್ನುವುದರ ಸಮೇತ. 'ತಿಳಿದವರು' ಕಾಲಮಿನಲ್ಲಿ ಅವರ ಹೆಸರು ಬರೆಯಲು ಹೊರಟೆ. ಕೈ ಹಿಡಿದು ನಿಲ್ಲಿಸಿದರು.

"ನಂದಲ್ಲ ಮಗಾ. ನಮ್ಮ ಗದ್ದೆಗೆ ನೇಜಿ ನೆಡಲಿಕ್ಕೆ ಬರ್ತಿದ್ದಳಲ್ಲ, ಅವಳು ಹೇಳಿಕೊಟ್ಟದ್ದು. ಅವಳ ಮಗಳು ಗುಡ್ಡೆಯ ಕೆಳಗೇ ಇದ್ದಾಳೆ. ಹೋಗಿ ಕೇಳಿ, ಅವಳ ಹೆಸರು ಬರಿ."

ಮರುದಿನ ಬೆಳಿಗ್ಗೆ ಹಾಳೆ ಹಿಡಿದು ಆ ಮನೆಗೆ ಹೋದೆವು.