ಒಂದೂ ಮ್ಯಾಚ್ ಆಡಿಸದೆ ಗೆದ್ದ ಕೋಚ್

2024ರ ಏಪ್ರಿಲ್ 12ರಂದು ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯ ತನ್ನ ಬಾಸ್ಕೆಟ್‌ಬಾಲ್ ತಂಡದ ಹೊಸ ಹೆಡ್ ಕೋಚ್ ಯಾರು ಅಂತ ಪ್ರಕಟಿಸಿತು. ಮಾರ್ಕ್ ಪೋಪ್. ಸುದ್ದಿ ಹೊರಬೀಳುತ್ತಿದ್ದಂತೆ ಬಹಳಷ್ಟು ಅಭಿಮಾನಿಗಳ ಮುಖ ಸಪ್ಪಗಾಯಿತು, ಕೆಲವರಂತೂ ಕೆಂಡಾಮಂಡಲ. ಅವರು ಕನಸು ಕಂಡಿದ್ದು ಡ್ಯಾನ್ ಹರ್ಲಿಯಂಥವರನ್ನು. ಹರ್ಲಿ ಅದೇ ವಾರ ಕನೆಕ್ಟಿಕಟ್ ತಂಡಕ್ಕೆ ಸತತ ಎರಡನೇ ರಾಷ್ಟ್ರೀಯ ಕಪ್ ಗೆಲ್ಲಿಸಿಕೊಟ್ಟಿದ್ದರು. ಪೋಪ್ ಲೆಕ್ಕ ನೋಡಿದರೆ, ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ 5 ಸೀಸನ್, ಅದರಲ್ಲಿ ರಾಷ್ಟ್ರೀಯ ಟೂರ್ನಿಗೆ ಹೋಗಿದ್ದು ಎರಡು ಸಲ, ಎರಡೂ ಸಲ ಮೊದಲ ಮ್ಯಾಚ್‌ಗೇ ಮನೆಗೆ ವಾಪಸ್.

ಎರಡು ದಿನ ಕಳೆಯಿತು. ಭಾನುವಾರ ಅವರನ್ನು ಜನರಿಗೆ ಪರಿಚಯಿಸುವ ಕಾರ್ಯಕ್ರಮ. 20 ಸಾವಿರ ಜನ ಹಿಡಿಸುವ ರಪ್ ಅರೀನಾ ತುಂಬಿಹೋಯಿತು! ಆಟ ಇಲ್ಲ, ಸ್ಕೋರ್‌ಬೋರ್ಡ್ ಇಲ್ಲ, ಒಬ್ಬ ಮನುಷ್ಯ ಮೈಕ್ ಹಿಡಿದು ಮಾತಾಡುತ್ತಾನೆ, ಅದನ್ನು ನೋಡೋಕೆ ಅಷ್ಟು ಜನ. ಜೊತೆಗೆ 1996ರ ಕಪ್ ಕೂಡ ಬಂದಿತ್ತು. ಆ ವರ್ಷ ಕಪ್ ಗೆದ್ದ ಕೆಂಟಕಿ ತಂಡದ ಕ್ಯಾಪ್ಟನ್‌ಗಳಲ್ಲಿ ಪೋಪ್ ಕೂಡ ಒಬ್ಬರು.

ನನಗೆ ಕುತೂಹಲ ಇರುವುದು ಆ ಎರಡು ದಿನದ ಬಗ್ಗೆ. ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ಪೋಪ್ ಒಳ್ಳೆಯ ಕೋಚ್ ಅನ್ನುವುದಕ್ಕೆ ಯಾವ ಹೊಸ ಸಾಕ್ಷಿಯೂ ಬಂದಿರಲಿಲ್ಲ. ಬದಲಾಗಿದ್ದು ಜನರ ತಲೆಯೊಳಗಿನ ಲೆಕ್ಕ ಮಾತ್ರ. ಅದು ಹೇಗೆ ಬದಲಾಗುತ್ತದೆ?

ಮುಂದೆ ಹೋಗುವ ಮುಂಚೆ ಒಂದು ಮಾತು. ಕಾಲೇಜು ಬಾಸ್ಕೆಟ್‌ಬಾಲ್ ಅಂದ ತಕ್ಷಣ ನಮ್ಮ ಇಂಟರ್ ಕಾಲೇಜ್ ಟೂರ್ನಮೆಂಟ್ ನೆನಪಿಸಿಕೊಳ್ಳಬೇಡಿ. ಅಲ್ಲಿ ಮೇಲಿನ ದರ್ಜೆಯಲ್ಲೇ 350ಕ್ಕೂ ಹೆಚ್ಚು ತಂಡಗಳಿವೆ. ಮಾರ್ಚ್‌ನಲ್ಲಿ 68 ತಂಡಗಳ ರಾಷ್ಟ್ರೀಯ ಟೂರ್ನಿ, ಒಂದು ಮ್ಯಾಚ್ ಸೋತರೆ ಕತೆ ಮುಗೀತು. ಕೆಂಟಕಿ ರಾಜ್ಯಕ್ಕೆ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ತಂಡವೇ ಇಲ್ಲ, ಅಲ್ಲಿನವರಿಗೆ ವಿಶ್ವವಿದ್ಯಾಲಯದ ತಂಡವೇ ಸರ್ವಸ್ವ. ಪೋಪ್‌ಗಿಂತ ಹಿಂದೆ ಇದ್ದ ಜಾನ್ ಕ್ಯಾಲಿಪಾರಿಗೆ 2019ರಲ್ಲಿ ಕೊಟ್ಟ ಒಪ್ಪಂದ 10 ವರ್ಷಕ್ಕೆ 8.6 ಕೋಟಿ ಡಾಲರ್! ಅವರು 2012ರಲ್ಲಿ ಕಪ್ ತಂದವರೇ, ಆದರೆ ಕೊನೆಕೊನೆಗೆ ಸೇಂಟ್ ಪೀಟರ್ಸ್, ಓಕ್‌ಲ್ಯಾಂಡ್‌ನಂಥ ಪುಟ್ಟ ತಂಡಗಳ ಕೈಲಿ ಮೊದಲ ಸುತ್ತಿನಲ್ಲೇ ಸೋತು ಜನರ ತಾಳ್ಮೆ ಮುಗಿಸಿದ್ದರು.

ಈಗ ವಿಜ್ಞಾನಕ್ಕೆ ಬರೋಣ. 2014ರಲ್ಲಿ ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ ಎಂಬ ಮೂವರು ಸಂಶೋಧಕರು ಒಂದು ಲೇಖನ ಪ್ರಕಟಿಸಿದರು. ಗೂಗಲ್‌ನಲ್ಲಿ ಡಯಟ್ ಅಂತ ಹುಡುಕುವವರು, ಜಿಮ್‌ಗೆ ಹೋಗುವವರು ಯಾವಾಗ ಜಾಸ್ತಿಯಾಗುತ್ತಾರೆ ಅಂತ ನೋಡಿದರೆ, ವಾರದ ಶುರು, ತಿಂಗಳ ಶುರು, ವರ್ಷದ ಶುರು, ಸೆಮಿಸ್ಟರ್ ಶುರು. ಅವರ ವಿವರಣೆ ಹೀಗೆ: ಕಾಲದಲ್ಲಿ ಒಂದು ಗೆರೆ ಸಿಕ್ಕ ಕೂಡಲೇ ಮನಸ್ಸು ಹಳೆಯ ಸೋಲುಗಳನ್ನೆಲ್ಲ ಗೆರೆಯ ಆ ಕಡೆಗೆ ತಳ್ಳುತ್ತದೆ, ಅದು ಹಳೆಯ ನಾನು, ಇವತ್ತಿನಿಂದ ಬೇರೆ ನಾನು. ಕೋಚ್ ಬದಲಾವಣೆ ಅಭಿಮಾನಿಗೆ ಇಂಥದ್ದೇ ಗೆರೆ. ಓಕ್‌ಲ್ಯಾಂಡ್ ವಿರುದ್ಧದ ಸೋಲು ಕ್ಯಾಲಿಪಾರಿಯ ಖಾತೆಗೆ ಹೋಯಿತು, ಅವರು ಅರ್ಕನ್ಸಾ ವಿಶ್ವವಿದ್ಯಾಲಯದ ಕೋಚ್ ಆಗಿ ಹೋಗುವಾಗ ಅದನ್ನೂ ಗಂಟು ಕಟ್ಟಿಕೊಂಡು ಹೋದರು ಅಂತ ಜನಕ್ಕೆ ಅನ್ನಿಸಿತು. ತಂಡದ ಹೆಸರು, ಜೆರ್ಸಿ, ಅರೀನಾ ಎಲ್ಲ ಹಾಗೇ ಇದೆ, ಸೋಲು ಮಾತ್ರ ಮಾಯ.

ಇದಕ್ಕೆ ಇನ್ನೊಂದು ಹಳೆಯ ಅಧ್ಯಯನ ಸೇರಿಸಿ. 1980ರಲ್ಲಿ ಮನೋವಿಜ್ಞಾನಿ ನೀಲ್ ವೈನ್‌ಸ್ಟೈನ್ 258 ಕಾಲೇಜು ವಿದ್ಯಾರ್ಥಿಗಳ ಮುಂದೆ 42 ಘಟನೆಗಳ ಪಟ್ಟಿ ಇಟ್ಟರು. ಒಳ್ಳೆಯ ಕೆಲಸ, ಸ್ವಂತ ಮನೆ, ಹೃದಯಾಘಾತ, ಹೀಗೆ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ನಿನ್ನ ಕ್ಲಾಸ್‌ಮೇಟ್‌ಗಳಿಗೆ ಹೋಲಿಸಿದರೆ ಇದು ನಿನಗೆ ಆಗುವ ಸಾಧ್ಯತೆ ಎಷ್ಟು ಅನ್ನುವುದು ಪ್ರಶ್ನೆ. ಒಳ್ಳೆಯದು ನನಗೆ ಜಾಸ್ತಿ, ಕೆಟ್ಟದ್ದು ಬೇರೆಯವರಿಗೆ ಅಂದವರೇ ಹೆಚ್ಚು. ಎಲ್ಲರೂ ಸರಾಸರಿಗಿಂತ ಮೇಲಿರೋಕೆ ಆಗಲ್ಲ ಅಲ್ವಾ? ಅದರಲ್ಲೂ ವಿಷಯ ನಮ್ಮ ಕೈಯಲ್ಲಿದೆ ಅನ್ನಿಸಿದಷ್ಟೂ ಈ ಆಶಾವಾದ ಜಾಸ್ತಿಯಾಗುತ್ತಿತ್ತು. ನನ್ನ ಪ್ರಕಾರ ಕೋಚ್ ವಿಷಯದಲ್ಲಿ ಕಚ್ಚುವ ಜಾಗ ಇದೇ. ಆಟಗಾರನ ಮೊಣಕಾಲು ಮುರಿಯುವುದು, ಕೊನೆ ಸೆಕೆಂಡಿನ ಚೆಂಡು ರಿಮ್‌ಗೆ ತಾಗಿ ಆಚೆ ಹೋಗುವುದು ಯಾರ ಕೈಲೂ ಇಲ್ಲ. ಕೋಚ್‌ನನ್ನು ತೆಗೆಯುವುದು, ತರುವುದು ಮಾತ್ರ ಯಾರೋ ಕೂತು ಮಾಡಿದ ತೀರ್ಮಾನ. ಹಾಗಾಗಿ ಎಲ್ಲ ಆಸೆಯೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಮಿದುಳಿನ ಕಡೆಯಿಂದಲೂ ಒಂದು ಸುಳಿವು ಇದೆ. ನರವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಸ್ ಮಂಗಗಳ ಮಿದುಳಿನಲ್ಲಿ ಬಹುಮಾನಕ್ಕೆ ಸ್ಪಂದಿಸುವ ಡೋಪಮೈನ್ ನರಕೋಶಗಳನ್ನು ಅಳೆದಾಗ ಕಂಡದ್ದು: ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು, ರಸಕ್ಕೆ ಮುಂಚೆ ಒಂದು ದೀಪ ಹೊತ್ತುತ್ತದೆ ಅಂತ ಮಂಗ ಕಲಿತ ಮೇಲೆ ದೀಪಕ್ಕೇ ಚುರುಕಾಗತೊಡಗಿದವು. ದೀಪ ಹೊತ್ತಿಯೂ ರಸ ಬರದಿದ್ದರೆ ಚುರುಕು ಕುಸಿಯುತ್ತಿತ್ತು. ಮಂಗದ ಪ್ರಯೋಗವನ್ನು ನೇರವಾಗಿ ಅಭಿಮಾನಿಯ ತಲೆಗೆ ಅಂಟಿಸುವುದು ಸರಿಯಲ್ಲ, ಒಪ್ಪುತ್ತೇನೆ. ಆದರೂ ನವೆಂಬರ್‌ನಲ್ಲಿ ಶುರುವಾಗುವ ಸೀಸನ್‌ಗೆ ಏಪ್ರಿಲ್‌ನಲ್ಲೇ ಕುಣಿಯುವವರನ್ನು ನೋಡಿದರೆ ದೀಪದ ನೆನಪಾಗದೆ ಇರಲ್ಲ. ‘ಈ ಸಲ ಕಪ್ ನಮ್ದೇ’ ಅಂತ 18ನೇ ಸೀಸನ್‌ವರೆಗೆ ಕಾದ ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರಿ, ಈ ಆಶಾವಾದ ನಿಜವಾಗುತ್ತದಾ? ಬಹಳ ಸಲ ಆಗುತ್ತದೆ, ಆದರೆ ಕಾರಣ ಬೇರೆ. ಈ ಲೇಖನದಲ್ಲಿ ನಾನು ಹೇಳಬೇಕು ಅಂದುಕೊಂಡ ಮುಖ್ಯ ವಿಷಯ ಇದೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು ತಂಡ ಇದೆ ಅಂದುಕೊಳ್ಳಿ. ಅದರ ಅಸಲಿ ಶಕ್ತಿ ಅರ್ಧಕ್ಕರ್ಧ, ಅಂದರೆ ಪ್ರತಿ ಮ್ಯಾಚ್ ಗೆಲ್ಲುವ ಸಾಧ್ಯತೆ ಶೇ. 50. ಸೀಸನ್‌ಗೆ 30 ಮ್ಯಾಚ್. ಸರಾಸರಿ 15 ಗೆಲ್ಲಬೇಕು. ಆದರೆ ಪ್ರತಿ ವರ್ಷ 15ಕ್ಕೇ ನಿಲ್ಲಲ್ಲ, ನಾಣ್ಯ ಚಿಮ್ಮಿದ ಹಾಗೆ 12, 17, 14 ಅಂತ ಓಲಾಡುತ್ತದೆ. ಲೆಕ್ಕ ಹಾಕಿದರೆ ಸುಮಾರು 20 ಸೀಸನ್‌ಗೆ ಒಂದು ಸಲ ಇಂಥ ತಂಡ 10 ಅಥವಾ ಅದಕ್ಕೂ ಕಡಿಮೆ ಗೆಲ್ಲುತ್ತದೆ. ಯಾರ ತಪ್ಪೂ ಇಲ್ಲ, ಸುಮ್ನೆ ಕೆಟ್ಟ ಗಳಿಗೆ. ಆ ವರ್ಷವೇ ಕೋಚ್ ತಲೆದಂಡ. ಮುಂದಿನ ವರ್ಷ ಹೊಸ ಕೋಚ್ ಏನೂ ವಿಶೇಷ ಮಾಡದಿದ್ದರೂ ತಂಡ 15ರ ಆಸುಪಾಸಿಗೆ ವಾಪಸ್ ಬರುತ್ತದೆ, ಎಲ್ಲರೂ ನೋಡಿ, 5 ಗೆಲುವು ಜಾಸ್ತಿ ತಂದ ಅನ್ನುತ್ತಾರೆ. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆದು ಗುರುತಿಸಿದ್ದು ಇದನ್ನೇ, ಸರಾಸರಿಯ ಕಡೆಗೆ ಹಿಂತಿರುಗುವಿಕೆ. ಡಾಕ್ಟರ ಕೈಗುಣ ಅನ್ನುತ್ತೀವಲ್ಲ, ಅದರಲ್ಲೂ ಒಂದಷ್ಟು ಪಾಲು ಇದರದ್ದೇ. ಜ್ವರ ತಾರಕಕ್ಕೆ ಹೋದಾಗಲೇ ಆಸ್ಪತ್ರೆಗೆ ಓಡುತ್ತೇವೆ, ಅಲ್ಲಿಂದ ಅದು ಹೇಗೂ ಇಳಿಯಬೇಕಿತ್ತು.

ಹಾಗಾದರೆ ಕೋಚ್‌ನ ಕೈಗುಣ ಎಷ್ಟು, ತಾನಾಗಿ ಇಳಿದ ಜ್ವರ ಎಷ್ಟು ಅಂತ ತಿಳಿಯುವುದು ಹೇಗೆ? ಅಷ್ಟೇ ಕೆಟ್ಟದಾಗಿ ಆಡಿಯೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳ ಜೊತೆ ಹೋಲಿಸಬೇಕು. ಬಾಸ್ ಟರ್ ವೀಲ್ ಎಂಬ ಅರ್ಥಶಾಸ್ತ್ರಜ್ಞ ನೆದರ್ಲೆಂಡ್ಸ್‌ನ ಫುಟ್‌ಬಾಲ್ ಕ್ಲಬ್‌ಗಳಲ್ಲಿ ಇದನ್ನು ಮಾಡಿದರು. ಮ್ಯಾನೇಜರ್, ಅಂದರೆ ಅಲ್ಲಿನ ಕೋಚ್, ಬದಲಾದ ಮೇಲೆ ಫಲಿತಾಂಶ ಸುಧಾರಿಸಿತ್ತು, ನಿಜ. ಬದಲಾಯಿಸದ ಕ್ಲಬ್‌ಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿತ್ತು! 2013ರಲ್ಲಿ ಆಡ್ಲರ್, ಬೆರ್ರಿ, ಡೊಹರ್ಟಿ ಎಂಬ ಮೂವರು ಅಮೆರಿಕದ ಕಾಲೇಜು ಫುಟ್‌ಬಾಲ್‌ಗೆ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ ಅದು) ಇದೇ ಪರೀಕ್ಷೆ ಒಡ್ಡಿದರು. ತೀರಾ ಕೆಳಗಿದ್ದ ತಂಡಗಳಿಗೆ ಕೋಚ್ ಬದಲಾವಣೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಿರಲಿಲ್ಲ. ಮಧ್ಯಮ ಮಟ್ಟದ ತಂಡಗಳು ಬದಲಾಯಿಸಿದ ಮೇಲೆ, ಬದಲಾಯಿಸದೇ ಇದ್ದ ಅಂಥದ್ದೇ ತಂಡಗಳಿಗಿಂತ ಕೆಟ್ಟದಾಗಿ ಆಡಿದ್ದವು.

ಹಾಗಂತ ಕೋಚ್‌ಗಳೆಲ್ಲ ಒಂದೇ, ಯಾರು ಬಂದರೇನು ಅಂತಲ್ಲ. ಅದಕ್ಕೆ ದೂರ ಹೋಗುವುದು ಬೇಡ, ಕೆಂಟಕಿ ತಂಡದ ಊರಾದ ಲೆಕ್ಸಿಂಗ್ಟನ್‌ನಿಂದ ಸುಮಾರು 125 ಕಿ.ಮೀ. ದೂರದ ಲೂಯಿವಿಲ್‌ಗೆ ಹೋದರೆ ಸಾಕು. ಕೆಂಟಕಿಯ ಬದ್ಧ ವೈರಿ ಅದು. 2022ರ ಮಾರ್ಚ್‌ನಲ್ಲಿ ಅವರು ಕೆನ್ನಿ ಪೇನ್ ಅವರನ್ನು ಕೋಚ್ ಮಾಡಿಕೊಂಡರು. ಪೇನ್ ಯಾರು? 1986ರಲ್ಲಿ ಕಪ್ ಗೆದ್ದ ಲೂಯಿವಿಲ್ ತಂಡದ ಆಟಗಾರ. ಮನೆಮಗ ವಾಪಸ್ ಬಂದ ಅಂತ ಊರಿಗೆ ಊರೇ ಹಿಗ್ಗಿತು. ಪೋಪ್ ಕತೆಯಂತೆಯೇ ಇದೆ ಅಲ್ವಾ? ಮೊದಲ ಮೂರು ಮ್ಯಾಚ್, ಮೂರೂ ಬರೀ ಒಂದೊಂದು ಪಾಯಿಂಟ್‌ನಿಂದ ಸೋಲು. ಅಲ್ಲಿವರೆಗೆ ಗ್ರಹಚಾರ ಅನ್ನಬಹುದಿತ್ತು. ಆ ಸೀಸನ್ ಮುಗಿಯುವಾಗ ಲೆಕ್ಕ 4 ಗೆಲುವು, 28 ಸೋಲು. ಮುಂದಿನ ಸೀಸನ್ 8 ಗೆಲುವು, 24 ಸೋಲು. 2024ರ ಮಾರ್ಚ್‌ನಲ್ಲಿ ಪೇನ್ ಮನೆಗೆ. ಅವರ ಜಾಗಕ್ಕೆ ಚಾರ್ಲ್‌ಸ್ಟನ್‌ನಿಂದ ಪ್ಯಾಟ್ ಕೆಲ್ಸಿ ಬಂದರು, ಲೂಯಿವಿಲ್ ಜೊತೆ ಹಳೆಯ ನಂಟೇನೂ ಇರಲಿಲ್ಲ, ಮೊದಲ ಸೀಸನ್‌ನಲ್ಲೇ 27 ಗೆಲುವು, 8 ಸೋಲು. ಸರಾಸರಿಯ ಸೆಳೆತ ಒಂದೇ ಇಷ್ಟು ಎತ್ತಲಾರದು, ಇದರಲ್ಲಿ ಮನುಷ್ಯನ ಪಾಲೂ ಇದೆ.

ಆಟದ ನಿಯಮಗಳೂ ಬದಲಾಗಿವೆ, ಅದು ಆ ಫುಟ್‌ಬಾಲ್ ಅಧ್ಯಯನದ ಕಾಲದಲ್ಲಿ ಇರಲಿಲ್ಲ. 2021ರಿಂದ ಆಟಗಾರರು ಒಂದು ವರ್ಷ ಬೆಂಚು ಕಾಯದೆ ಒಂದು ಸಲ ಕಾಲೇಜು ಬದಲಾಯಿಸಬಹುದು ಅಂತಾಯಿತು, 2024ರಲ್ಲಿ ಎಷ್ಟು ಸಲ ಬೇಕಾದರೂ ಅಂತಾಯಿತು. ತಮ್ಮ ಹೆಸರು, ಮುಖ ಬಳಸಿ ದುಡ್ಡು ಮಾಡುವುದಕ್ಕೂ 2021ರ ಜುಲೈಯಿಂದ ಅನುಮತಿ. ಹೀಗಾಗಿ ಹೊಸ ಕೋಚ್ ಬಂದರೆ ಹಳೆಯ ತಂಡಕ್ಕೆ ಹೊಸ ಪಾಠ ಹೇಳುವ ಕಾಲ ಹೋಯಿತು, ಹೆಚ್ಚುಕಡಿಮೆ ಇಡೀ ತಂಡವೇ ಹೊಸದು. ಪೋಪ್‌ಗೂ ಕೆಲ್ಸಿಗೂ ಆಗಿದ್ದು ಹಾಗೇ. ಪೋಪ್ ಆ ಹೊಸ ಹುಡುಗರನ್ನು ಕಟ್ಟಿಕೊಂಡು ನವೆಂಬರ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡವನ್ನು ಸೋಲಿಸಿದರು, ಕೊನೆಗೆ 24 ಗೆಲುವು, 12 ಸೋಲಿನೊಂದಿಗೆ ಟೂರ್ನಿಯ ಕೊನೆಯ 16 ತಂಡಗಳಲ್ಲಿ ಒಂದಾದರು. ಇಲ್ಲಿ ಅಭಿಮಾನಿಗಳ ಉತ್ಸಾಹವೂ ಸುಮ್ನೆ ವ್ಯರ್ಥವಾಗಲ್ಲ. ಟಿಕೆಟ್, ದೇಣಿಗೆ, ಜಾಹೀರಾತಿನ ದುಡ್ಡು ಎಲ್ಲ ಅದರ ಹಿಂದೆಯೇ ಬರುತ್ತದೆ, ಆ ದುಡ್ಡಿನ ಹಿಂದೆ ಆಟಗಾರರು ಬರುತ್ತಾರೆ. ಆದರೆ 2022ರಲ್ಲಿ ಲೂಯಿವಿಲ್‌ನಲ್ಲೂ ಉತ್ಸಾಹಕ್ಕೆ ಬರ ಇರಲಿಲ್ಲ, ಅದನ್ನು ಮರೆಯಬಾರದು.

ಈ ಉತ್ಸಾಹ ಅಭಿಮಾನಿಗೇ ಏನು ಮಾಡುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಪ್ರಯೋಗ ಒಂದಿದೆ. ಎಡ್ವರ್ಡ್ ಹರ್ಟ್ ಮತ್ತು ಜೊತೆಗಾರರು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಮಾಡಿ 1992ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳನ್ನು ಕೂರಿಸಿ ತಮ್ಮ ತಂಡದ ಬಾಸ್ಕೆಟ್‌ಬಾಲ್ ಮ್ಯಾಚ್ ಟಿವಿಯಲ್ಲಿ ತೋರಿಸಿದರು. ಮುಗಿದ ಮೇಲೆ ತಂಡದ ಭವಿಷ್ಯ ಕೇಳಿದರು, ಜೊತೆಗೆ ಅವರವರ ಬಗ್ಗೆಯೂ ಕೇಳಿದರು. ನೀನು ಅಕ್ಷರಗಳ ಒಗಟು ಎಷ್ಟು ಬಿಡಿಸುತ್ತೀಯ, ಒಂದು ಚಂದದ ಹುಡುಗಿ ಅಥವಾ ಹುಡುಗ ನಿನ್ನ ಜೊತೆ ಡೇಟ್‌ಗೆ ಒಪ್ಪಬಹುದಾ, ಈ ಥರ. ಗೆಲುವು ನೋಡಿದ ಅಭಿಮಾನಿಗಳು ತಂಡಕ್ಕೂ ಜಾಸ್ತಿ ಅಂಕ ಕೊಟ್ಟರು, ತಮಗೂ ಜಾಸ್ತಿ ಕೊಟ್ಟುಕೊಂಡರು. ಬೆವರು ಸುರಿಸಿದ್ದು ಯಾರೋ ಐದು ಜನ, ಧೈರ್ಯ ಬಂದದ್ದು ಸೋಫಾ ಮೇಲಿದ್ದವನಿಗೆ! ಇದೇ ಇಂಡಿಯಾನಾ 1987ರ ನಂತರ ಕಪ್ ಗೆದ್ದಿಲ್ಲ, 2000ದಲ್ಲಿ ಬಾಬ್ ನೈಟ್‌ರನ್ನು ತೆಗೆದ ಮೇಲೆ ಡೇವಿಸ್, ಸ್ಯಾಂಪ್ಸನ್, ಕ್ರೀನ್, ಮಿಲ್ಲರ್, ವುಡ್ಸನ್ ಬಂದು ಹೋದರು, 2025ರಲ್ಲಿ ಡೇರಿಯನ್ ಡಿವ್ರೀಸ್ ಬಂದರು. ಪ್ರತಿ ಸಲವೂ ಹೊಸ ಗೆರೆ, ಹೊಸ ಆಸೆ.

ಹಾಗಾದರೆ ಹೊಸ ಕೋಚ್‌ಗೆ ಎಷ್ಟು ಕಾಲ ಕೊಡಬೇಕು? ನಾಣ್ಯದ ಲೆಕ್ಕವನ್ನೇ ಇನ್ನೊಂದು ಸಲ ಬಳಸೋಣ, ಒರಟು ಲೆಕ್ಕ, ಎದುರಾಳಿ ಯಾರು ಅಂತ ಅದು ನೋಡಲ್ಲ. ಪೇನ್ ಎರಡು ಸೀಸನ್‌ನಲ್ಲಿ ಆಡಿಸಿದ್ದು 64 ಮ್ಯಾಚ್, ಗೆದ್ದಿದ್ದು 12. ಅರ್ಧ ಅಂದರೆ 32. ಬರೀ ಅದೃಷ್ಟ ಕೈಕೊಟ್ಟರೆ ಆಗುವ ಸಾಮಾನ್ಯ ಏರುಪೇರು ಸುಮಾರು 4 ಗೆಲುವು, ಇವರು ಬಿದ್ದದ್ದು ಅದರ ಐದು ಪಟ್ಟು ಕೆಳಗೆ. ಗ್ರಹಚಾರ ಅನ್ನೋಕೆ ಜಾಗವೇ ಇಲ್ಲ.

ಈಗ ಇನ್ನೊಬ್ಬರು. 1980ರಲ್ಲಿ ಡ್ಯೂಕ್‌ಗೆ ಬಂದ, ಆಗ ಯಾರಿಗೂ ಅಷ್ಟಾಗಿ ಗೊತ್ತಿರದ ಮೈಕ್ ಶಶೆಫ್ಸ್ಕಿ. ಮೊದಲ ಸೀಸನ್ 17 ಗೆಲುವು, 13 ಸೋಲು. ಆಮೇಲೆ 10–17, 11–17. ಮೂರನೆಯ ಸೀಸನ್‌ನ ಕೊನೆಯ ಮ್ಯಾಚ್ ವರ್ಜೀನಿಯಾ ವಿರುದ್ಧ 109–66ರ ಸೋಲು, ತೆಗೀರಿ ಇವರನ್ನ ಅಂತ ಜನ ಕೂಗುತ್ತಿದ್ದರು. ಒಟ್ಟು 85 ಮ್ಯಾಚ್, 38 ಗೆಲುವು. ಅರ್ಧಕ್ಕಿಂತ ನಾಲ್ಕೂವರೆ ಕಡಿಮೆ, 85 ಮ್ಯಾಚ್‌ಗೆ ಸಾಮಾನ್ಯ ಏರುಪೇರೂ ಸರಿಸುಮಾರು ಅಷ್ಟೇ. ಅಂದರೆ ಕೂಗುತ್ತಿದ್ದವರ ಕೈಯಲ್ಲಿದ್ದ ಅಂಕಿಗಳು ಅವರು ಅಂದುಕೊಂಡಷ್ಟು ಏನನ್ನೂ ಹೇಳುತ್ತಿರಲಿಲ್ಲ. ಡ್ಯೂಕ್‌ನ ಕ್ರೀಡಾ ವಿಭಾಗದ ಮುಖ್ಯಸ್ಥ ಟಾಮ್ ಬಟರ್ಸ್ 1984ರ ಜನವರಿಯಲ್ಲಿ ಅವರಿಗೆ ಹೊಸ ಒಪ್ಪಂದ ಕೊಟ್ಟರು. 2022ರಲ್ಲಿ ನಿವೃತ್ತರಾಗುವಾಗ ಶಶೆಫ್ಸ್ಕಿ ಬಳಿ 5 ರಾಷ್ಟ್ರೀಯ ಕಪ್ ಇತ್ತು.